ಕುದುರೆಯ ಕಳವು, ವಿಮಾನದ ಕಳವು: ಲೋಕದ ಮೆಚ್ಚುಗೆಯನ್ನು ಕುರಿತು ಒಂದು ವಿವೇಚನೆ

ಕಳವು ನಿಂದ್ಯವೆಂಬುದರಲ್ಲಿ ಯಾವ ಧರ್ಮಶಾಸ್ತ್ರಕ್ಕೂ ಸಂದೇಹವಿಲ್ಲ. ಆದರೂ ಕದ್ದ ವಸ್ತು ವಾಹನವಾಗಿದ್ದು, ಅದಕ್ಕೆ ಹಾಕಿದ್ದ ಕಾವಲು ದೊಡ್ಡದಾಗಿದ್ದು, ಕದ್ದವನು ಒಬ್ಬಂಟಿಗನಾಗಿದ್ದರೆ ಲೋಕದ ತೀರ್ಪು ಬದಲಾಗುವುದುಂಟು. ನಿಂದೆಯಿರಬೇಕಾದ ಜಾಗದಲ್ಲಿ ಬೆರಗು ಬರುತ್ತದೆ. ಬೆರಗು ಬಲಿತು ಮೆಚ್ಚುಗೆಯಾಗುತ್ತದೆ. ಈ ಮೆಚ್ಚುಗೆಯ ಸ್ವರೂಪವೇನು, ಅದು ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ಅದಕ್ಕಾಗಿ ೨೦೧೮ರಲ್ಲಿ ಅಮೆರಿಕದಲ್ಲಿ ನಡೆದ ಒಂದು ವಿಮಾನದ ಕಳವನ್ನೂ ಲಕ್ಷ್ಮೀಶನ ‘ಜೈಮಿನಿ ಭಾರತ’ವನ್ನೂ ಎದುರೆದುರಿಗೆ ಇಟ್ಟು ನೋಡಲಾಗಿದೆ. ಎಲ್ಲಿಗೆ ಎಲ್ಲಿಯ ಸಂಬಂಧ ಎಂದು ವಾಚಕರು ಹುಬ್ಬೇರಿಸಬಹುದು. ಆದರೆ ವಾಹನಾಪಹಾರವನ್ನು ಕಥಾವಸ್ತುವಾಗಿ ಇಷ್ಟು ಸಲ ಎತ್ತಿಕೊಂಡ ಮತ್ತೊಂದು ಜನಪ್ರಿಯ ಕಾವ್ಯ ಕನ್ನಡದಲ್ಲಿ ಸಿಕ್ಕುವುದು ಕಷ್ಟ.

ಮೊದಲು ಸಂಗತಿಯನ್ನು ನೋಡೋಣ. ೨೦೧೮ನೆಯ ಇಸವಿ ಆಗಸ್ಟ್ ೧೦ರ ಸಂಜೆ, ಸಿಯಾಟಲ್-ಟಕೋಮಾ ವಿಮಾನ ನಿಲ್ದಾಣದಲ್ಲಿ ಹೊರೈಜನ್ ಏರ್ ಸಂಸ್ಥೆಯ ೭೬ ಆಸನಗಳ ಕ್ಯೂ-೪೦೦ ವಿಮಾನವೊಂದು ಖಾಲಿಯಾಗಿ ನಿಂತಿತ್ತು. ಅದೇ ಸಂಸ್ಥೆಯಲ್ಲಿ ಮೂರು ವರ್ಷಕ್ಕೂ ಮೇಲ್ಪಟ್ಟು ನೆಲದ ಕೆಲಸ ಮಾಡುತ್ತಿದ್ದ ತರುಣನೊಬ್ಬನು ಎಳೆಯುವ ಟ್ರಾಕ್ಟರಿನಿಂದ ಅದರ ಮುಖವನ್ನು ತಿರುಗಿಸಿ, ಒಳಗೆ ಹತ್ತಿ, ಒಬ್ಬನೇ ಅದನ್ನು ಹಾರಿಸಿಕೊಂಡು ಹೋದನು. ಅವನಲ್ಲಿ ವೈಮಾನಿಕನ ಪರವಾನಗಿ ಇರಲಿಲ್ಲ. ಪೋರ್ಟ್‌ಲೆಂಡಿನಿಂದ ಎರಡು ಯುದ್ಧವಿಮಾನಗಳು ಬೆನ್ನಟ್ಟಿ ಬಂದುವು. ನಿಯಂತ್ರಣ ಕೇಂದ್ರದವರು ಮಾತಿನಿಂದ ಅವನನ್ನು ಇಳಿಸಲು ಪ್ರಯತ್ನಿಸಿದರು. ಅವನು ಆಕಾಶದಲ್ಲಿ ವಿಮಾನವನ್ನು ಒಂದು ಸಲ ಪಲ್ಟಿ ಹೊಡೆಸಿ, ಎಪ್ಪತ್ತು ನಿಮಿಷಗಳಿಗೂ ಹೆಚ್ಚು ಕಾಲ ಹಾರಾಡಿ, ಕೊನೆಗೆ ಕೆಟ್ರಾನ್ ಎಂಬ, ಕೆಲವೇ ಜನರಿರುವ ಪುಟ್ಟ ದ್ವೀಪದ ಮೇಲೆ ಬಿದ್ದು ಮಡಿದನು. ಬೇರೆ ಯಾರಿಗೂ ಅಪಾಯವಾಗಲಿಲ್ಲ. ಭಯೋತ್ಪಾದನೆಯ ಸಂಬಂಧ ಯಾವುದೂ ಇಲ್ಲವೆಂದೂ, ಕೊನೆಯ ಇಳಿತ ಅವನು ಬೇಕೆಂದೇ ಮಾಡಿದ್ದೆಂದೂ ಅದೇ ವರ್ಷದ ನವೆಂಬರಿನಲ್ಲಿ ತನಿಖೆ ಮುಗಿಸಿದ ಎಫ್.ಬಿ.ಐ. ತಿಳಿಸಿತು. ಕಾರಣ ಮಾತ್ರ ಗೊತ್ತಾಗಲಿಲ್ಲ.

ಇಷ್ಟೇ ಆಗಿದ್ದರೆ ಇದು ವೃತ್ತಪತ್ರಿಕೆಯ ಒಂದು ದಿನದ ಸುದ್ದಿ. ಆದರೆ ಅವನಿಗೂ ನಿಯಂತ್ರಣ ಕೇಂದ್ರಕ್ಕೂ ನಡೆದ ಸಂಭಾಷಣೆಯ ಧ್ವನಿಮುದ್ರಣ ಲೋಕಕ್ಕೆಲ್ಲ ಹರಡಿತು. ಜನ ಅವನಿಗೆ ‘ಆಕಾಶದ ರಾಜ’ ಎಂದು ಬಿರುದು ಕೊಟ್ಟರು. ಅವನ ಮೇಲೆ ಹಾಡು ಕಟ್ಟಿದರು. ಅಂಗಿಗಳ ಮೇಲೆ ಅವನ ನೆನಪನ್ನು ಅಚ್ಚು ಹಾಕಿಸಿದರು. ಮಾತಿನ ನಡುವೆ ಒಮ್ಮೆ ಅವನು ಕನಿಷ್ಠ ಕೂಲಿಯ ವಿಷಯವನ್ನು ಎತ್ತಿದ್ದನು. ಅಷ್ಟನ್ನೇ ಹಿಡಿದು ಅವನನ್ನು ದುಡಿಯುವವರ ವೀರನೆಂದು ಕೊಂಡಾಡಿದವರು ಕಡಮೆಯಿಲ್ಲ. ಮತ್ತೆ ಕೆಲವರು, ಹೀಗೆ ಒಬ್ಬ ಕೆಲಸಗಾರ ವಿಮಾನವನ್ನೇ ಎತ್ತಿಕೊಂಡು ಹೋಗಬಹುದಾದರೆ ನಿಲ್ದಾಣದ ಕಾವಲು ಯಾತಕ್ಕೆ ಎಂದು ಸಿಟ್ಟಿಗೆದ್ದರು. ಮೆಚ್ಚುಗೆಯೂ ಸಿಟ್ಟೂ ಎಷ್ಟೋ ವೇಳೆ ಒಂದೇ ಬಾಯಲ್ಲಿ ಬಂದುವೆಂಬುದನ್ನು ಗಮನಿಸಬೇಕು.

ಇನ್ನು ಲಕ್ಷ್ಮೀಶನ ಕಡೆಗೆ ಬರೋಣ. ಅವನ ಅಂಕಿತದಲ್ಲಿ ಬರುವ ದೇವಪುರವು ಕಡೂರು ತಾಲ್ಲೂಕಿನ ದೇವನೂರೋ ಸುರಪುರವೋ ಎಂಬ ಚರ್ಚೆ ವಿದ್ವಾಂಸರಲ್ಲಿ ದೀರ್ಘವಾಗಿ ನಡೆದಿದೆ. ದೇವನೂರಿನ ಪಕ್ಷ ಬಲವಾದುದೆಂದು ನಮಗೆ ತೋರುತ್ತದೆ. ಕಾವ್ಯದ ಆರಂಭದಲ್ಲಿಯೇ ಒಂದು ಕಳವು ಇದೆ. ಧರ್ಮರಾಯನ ಅಶ್ವಮೇಧಕ್ಕೆ ತಕ್ಕ ಕುದುರೆ ಭದ್ರಾವತಿಯ ಅರಸನಾದ ಯೌವನಾಶ್ವನಲ್ಲಿ ಮಾತ್ರ ಇದೆ. (ತರೀಕೆರೆಯ ನೆರೆಯ ಭದ್ರಾವತಿ ಹಿಂದೆ ಬೆಂಕಿಪುರವಾಗಿದ್ದ ಊರು. ಹೆಸರು ಒಂದೇ ಎಂದು ಕಾವ್ಯದ ಪಟ್ಟಣವನ್ನು ಇಲ್ಲಿಗೆ ತಂದು ಕೂರಿಸುವ ಉತ್ಸಾಹವನ್ನು ವಿದ್ಯಾರ್ಥಿಗಳು ಬಿಡುವುದು ಒಳ್ಳೆಯದು.) ಭೀಮನು ಕರ್ಣನ ಮಗನನ್ನೂ ಘಟೋತ್ಕಚನ ಮಗನನ್ನೂ ಕರೆದುಕೊಂಡು ಹೋಗಿ, ಊರ ಹೊರಗೆ ಕಾದು ಕುಳಿತುಕೊಳ್ಳುತ್ತಾನೆ. ಅಪಾರ ಸೇನೆಯ ಬೆಂಗಾವಲಿನಲ್ಲಿ ಕುದುರೆ ನೀರಿಗೆ ಬರುತ್ತದೆ. ಘಟೋತ್ಕಚನ ಮಗ ಮಾಯೆಯಿಂದ ಅದನ್ನು ಆಕಾಶಕ್ಕೆ ಎತ್ತಿಕೊಂಡು ಹೋಗುತ್ತಾನೆ. ನೆಲದ ಮೇಲಿನ ಕಾವಲು ನೆಲದ ಮೇಲೆಯೇ ಉಳಿಯುತ್ತದೆ.

ಇಲ್ಲಿ ಓದುಗನ ಮನಸ್ಸು ಕಳ್ಳರ ಕಡೆಗೇ ವಾಲುತ್ತದೆ. ಆದರೆ ಕವಿ ಕಥೆಯನ್ನು ಅಷ್ಟಕ್ಕೇ ನಿಲ್ಲಿಸಿಲ್ಲ. ಯುದ್ಧವಾಗುತ್ತದೆ, ಮೂರ್ಛೆ ಹೋದ ಯೌವನಾಶ್ವನನ್ನು ಕರ್ಣನ ಮಗನೇ ಉಪಚರಿಸುತ್ತಾನೆ, ಕುದುರೆಯ ಒಡೆಯನು ಸ್ನೇಹಿತನಾಗಿ ಹಸ್ತಿನಾವತಿಗೆ ಬರುತ್ತಾನೆ. ಒಡೆಯನ ಒಪ್ಪಿಗೆ ದೊರೆತ ಮೇಲೆ ಕಳವು ಕಳವಾಗಿ ಉಳಿಯುವುದಿಲ್ಲ. ಪುಷ್ಪಕದ ಕಥೆಯಲ್ಲಿಯೂ ಇದೇ ನ್ಯಾಯ. ನಮ್ಮ ಪರಂಪರೆ ಬಲ್ಲ ಮೊದಲ ವಿಮಾನದ ಕಳ್ಳ ರಾವಣ. ಕುಬೇರನಿಂದ ಕಸಿದ ಆ ವಿಮಾನವನ್ನು ಏರಿ ಅಯೋಧ್ಯೆಗೆ ಬಂದ ರಾಮನು ಮೊದಲು ಮಾಡುವ ಕೆಲಸಗಳಲ್ಲಿ ಅದನ್ನು ಕುಬೇರನಿಗೆ ಹಿಂದಿರುಗಿಸುವುದೂ ಒಂದು. ಕದ್ದ ವಾಹನ ಒಡೆಯನ ಬಳಿಗೋ ಒಡೆಯನ ಸಮ್ಮತಿಗೋ ಮರಳದೆ ಕಥೆ ಮುಗಿಯಬಾರದೆಂಬುದು ಹಿಂದಿನವರ ಔಚಿತ್ಯಪ್ರಜ್ಞೆ.

ಶಾಲೆಯಲ್ಲಿ ಕನ್ನಡ ಕಲಿತವರೆಲ್ಲರೂ ಬಲ್ಲ ಮತ್ತೊಂದು ಪ್ರಸಂಗ ಲವನದು. ರಾಮನ ಯಜ್ಞಾಶ್ವ ವಾಲ್ಮೀಕಿಯ ತೋಟಕ್ಕೆ ನುಗ್ಗುತ್ತದೆ. ಅದರ ಹಣೆಯ ಪಟ್ಟಿಯಲ್ಲಿ ಜಗತ್ತಿಗೆಲ್ಲ ಸವಾಲು ಬರೆದಿದೆ. ಲವನು ಅದನ್ನು ಓದಿ, ತನ್ನ ಉತ್ತರೀಯದಿಂದ ಕುದುರೆಯ ಕೊರಳನ್ನು ಬಿಗಿದು ಬಾಳೆಯ ಗಿಡಕ್ಕೆ ಕಟ್ಟುತ್ತಾನೆ. ಜೊತೆಯ ಮುನಿಕುಮಾರರು ನಡುಗಿ, ಅರಸರ ಕುದುರೆ, ಬಿಟ್ಟುಬಿಡು ಎನ್ನುತ್ತಾರೆ, ಅವನು ನಗುತ್ತಾನೆ. ಈ ಪ್ರಸಂಗವನ್ನು ಗಮಕಿಗಳು ಹಾಡುವಾಗ ಸಭೆ ಲವನ ಪಕ್ಷವಾಗುತ್ತದೆ, ಆಗಬೇಕಾದದ್ದೇ. ಆದರೆ ಎರಡು ಅಂಶಗಳನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಒಂದು, ಆ ಕುದುರೆ ತಡೆಯಬಲ್ಲವರನ್ನು ಕರೆಯುತ್ತಲೇ ಬಂದದ್ದು. ಅದನ್ನು ಕಟ್ಟುವುದು ಕಳವಲ್ಲ, ಸವಾಲಿಗೆ ಕೊಟ್ಟ ಉತ್ತರ. ಇನ್ನೊಂದು, ಲವನು ಅಲ್ಲಿ ಕಳ್ಳನ ಸ್ಥಾನದಲ್ಲಿಲ್ಲ. ಗುರುವು ಊರಿನಲ್ಲಿಲ್ಲದಾಗ ತೋಟವನ್ನು ನೋಡಿಕೊಳ್ಳುವ ಹೊಣೆ ಅವನ ಮೇಲಿತ್ತು. ಅವನೇ ಕಾವಲುಗಾರ.

ಸಿಯಾಟಲಿನ ತರುಣನನ್ನು ಕೊಂಡಾಡಿದವರು ಮಾಡಿದ್ದೇನು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಅವನ ಕೃತ್ಯ ಭದ್ರಾವತಿಯ ಬಗೆಯದು. ಅವರು ಅದನ್ನು ಲವನ ಬಗೆಯದೆಂದು ಓದಿದರು. ನಿಂತಿದ್ದ ವಿಮಾನ ಯಾರಿಗೂ ಸವಾಲು ಹಾಕಿರಲಿಲ್ಲ. ಅದರ ಹಣೆಗೆ ಪಟ್ಟಿ ಕಟ್ಟಿದವರು ಓದುಗರೇ. ಕೂಲಿಯ ಮಾತು ಆ ಪಟ್ಟಿಯ ಬರಹವಾಯಿತು. ಹಾಗೆ ಓದಲು ಅವರು ಸಂಭಾಷಣೆಯ ಉಳಿದ ಭಾಗವನ್ನು ಹಗುರ ಮಾಡಬೇಕಾಯಿತು. ತನ್ನನ್ನು ಪ್ರೀತಿಸುವವರು ಎಷ್ಟೋ ಮಂದಿಯಿದ್ದಾರೆ, ಅವರಿಗೆ ಇದರಿಂದ ನೋವಾಗುವುದು, ಅವರೆಲ್ಲರ ಕ್ಷಮೆ ಕೇಳಬೇಕು ಎಂದು ಅವನು ಹೇಳುತ್ತಾನೆ. ತಾನು ಒಳಗೆ ಮುರಿದು ಹೋದವನೆಂದೂ, ಅದು ತನಗೇ ಈವರೆಗೆ ತಿಳಿದಿರಲಿಲ್ಲವೆಂದೂ ಹೇಳುತ್ತಾನೆ. ಸತ್ತ ಮರಿಯನ್ನು ಹೊತ್ತು ಆ ದಿನಗಳಲ್ಲಿ ಈಜುತ್ತಿದ್ದ ತಾಯಿ ತಿಮಿಂಗಿಲವನ್ನು ನೋಡಬೇಕೆಂದು ಕೇಳುತ್ತಾನೆ. ಇದು ವೀರರಸದ ಮಾತಲ್ಲ. ಇಲ್ಲಿಯ ಸ್ಥಾಯಿ ಶೋಕ. ಪಲ್ಟಿಯನ್ನು ಮಾತ್ರ ಎತ್ತಿಕೊಂಡು ಕುಣಿದ ಮೆಚ್ಚುಗೆ ಕರುಣಕ್ಕೆ ವೀರದ ವೇಷ ಹಾಕಿತು. ರಸದ ವಿಷಯದಲ್ಲಿ ತಪ್ಪಿದ ಓದು ಮನುಷ್ಯನ ವಿಷಯದಲ್ಲಿಯೂ ತಪ್ಪುತ್ತದೆ: ಸಂಕಟದಲ್ಲಿದ್ದ ಒಬ್ಬನ ಸಾವು ಅವರಿಗೆ ವಿನೋದವಾಯಿತು. ಆ ವಿಮಾನ ಜನ ತುಂಬಿದ ಬೀದಿಯ ಮೇಲೆ ಬಿದ್ದಿದ್ದರೆ ಬಿರುದಾವಳಿ ಹುಟ್ಟುತ್ತಲೇ ಇರಲಿಲ್ಲವೆಂಬುದೂ ನಿಜ.

ಲೋಕದ ತೀರ್ಪು ಎಷ್ಟು ಬೇಗ ತಿರುಗೀತೆಂಬುದಕ್ಕೆ ನಮ್ಮ ದೇಶದ ಚರಿತ್ರೆಯಲ್ಲಿಯೇ ನಿದರ್ಶನಗಳಿವೆ. ಇವು ಪ್ರಯಾಣಿಕರ ಸಮೇತವಾದ ಅಪಹರಣಗಳು. ಆದುದರಿಂದ ಬೇರೆ ಜಾತಿಯವು. ೧೯೭೧ರ ಜನವರಿ ೩೦ರಂದು ‘ಗಂಗಾ’ ವಿಮಾನವನ್ನು ಲಾಹೋರಿಗೆ ಒಯ್ದವರನ್ನು ಅಲ್ಲಿಯ ಜನ ವೀರರೆಂದು ಎತ್ತಿ ಮೆರೆಸಿದರು. ಮುಂದೆ ಅದೇ ದೇಶ ಅವರನ್ನು ಭಾರತದ ಕೈಗೊಂಬೆಗಳೆಂದು ಹಿಡಿದು ವಿಚಾರಣೆಗೆ ಗುರಿಮಾಡಿತು. ೧೯೭೮ರ ಡಿಸೆಂಬರಿನಲ್ಲಿ ಆಟಿಕೆಯ ಆಯುಧ ಹಿಡಿದು ಇಂಡಿಯನ್ ಏರ್‌ಲೈನ್ಸ್ ವಿಮಾನವನ್ನು ವಾರಾಣಸಿಗೆ ತಿರುಗಿಸಿದ ಇಬ್ಬರು ೧೯೮೦ರಲ್ಲಿ ಉತ್ತರ ಪ್ರದೇಶದ ವಿಧಾನಸಭೆಗೆ ಆಯ್ಕೆಯಾದರು. ಇದರ ಮೇಲೆ ವ್ಯಾಖ್ಯಾನ ಬೇಕಾಗಿಲ್ಲ.

ಕಳ್ಳನನ್ನು ನೆನೆಯುವ ಪರಂಪರೆಯಂತೆ ಕಾಯುವವನನ್ನು ನೆನೆಯುವ ಪರಂಪರೆಯೂ ನಮ್ಮಲ್ಲಿ ಉಂಟು. ಅದು ಕಾವ್ಯದಲ್ಲಿ ಅಲ್ಲ, ಕಲ್ಲಿನಲ್ಲಿ. ಬಿ. ಎಲ್. ರೈಸ್ ಅವರು ೧೯೦೧ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟ ಅಂದಿನ ಕಡೂರು ಜಿಲ್ಲೆಯ, ಎಂದರೆ ಈಗಿನ ಚಿಕ್ಕಮಗಳೂರು ಸೀಮೆಯ ಶಾಸನಗಳದು. ಕನ್ನಡನಾಡಿನ ವೀರಗಲ್ಲುಗಳಲ್ಲಿ ತುರುಗೊಳ್ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಊರಿನ ದನಗಳನ್ನು ಹೊಡೆದುಕೊಂಡು ಹೋಗುವವರನ್ನು ಅಡ್ಡಗಟ್ಟಿ ಸತ್ತವನಿಗೆ ಊರವರು ಕಲ್ಲು ನಿಲ್ಲಿಸಿದರು. ದಾಳಿಗಾರನ ಚಮತ್ಕಾರ ಅಲ್ಲಿ ಒಂದು ಕೆಳಗಿನ ಪಟ್ಟಿಕೆಗೆ ಮುಗಿಯುತ್ತದೆ. ಮೇಲಿನ ಪಟ್ಟಿಕೆಯಲ್ಲಿ ಅಪ್ಸರೆಯರ ನಡುವೆ ಏರಿಹೋಗುವವನು ದನ ಬಿಡಿಸಲು ಹೋದವನು. ಹೆಸರಾದ ಅಮೃತಮಹಲ್ ರಾಸುಗಳ ತಳಿಕೇಂದ್ರವಿರುವ ಅಜ್ಜಂಪುರದ ಕಡೆ ಹುಲ್ಲುಗಾವಲಿಗೆ ‘ಕಾವಲು’ ಎಂದೇ ಹೆಸರು. ಮೇಯುವ ನೆಲಕ್ಕೂ ಕಾಯುವ ಕೆಲಸಕ್ಕೂ ಒಂದೇ ಶಬ್ದ ಬಂದಿರುವುದು ವಿಚಾರಯೋಗ್ಯ. ದನವನ್ನು ದಿನವೂ ಬಲ್ಲವನೇ ಅದರ ಕಾವಲುಗಾರ, ಬೇಲಿ ಆಮೇಲಿನದು.

ವಿಮಾನ ನಿಲ್ದಾಣದ ಭದ್ರತೆ ಬಹುಮಟ್ಟಿಗೆ ಬೇಲಿಯ ಕಡೆಯಿಂದಲೇ ಬೆಳೆದಿದೆ. ನಮ್ಮಲ್ಲಿ ಇದಕ್ಕಾಗಿ ೧೯೭೮ರಲ್ಲಿ ಸಣ್ಣ ವಿಭಾಗವೊಂದು ಹುಟ್ಟಿತು. ‘ಕನಿಷ್ಕ’ ವಿಮಾನ ೧೯೮೫ರಲ್ಲಿ ಬಾಂಬಿಗೆ ತುತ್ತಾದ ಮೇಲೆ, ೧೯೮೭ರಲ್ಲಿ ಅದು ಸ್ವತಂತ್ರ ಇಲಾಖೆಯಾಯಿತು. ೧೯೯೯ರ ಡಿಸೆಂಬರಿನ ಕಂದಹಾರ್ ಪ್ರಕರಣದ ಮೇಲೆ, ೨೦೦೦ದಿಂದ, ಕೇಂದ್ರ ಕೈಗಾರಿಕಾ ಭದ್ರತಾ ಪಡೆ ನಿಲ್ದಾಣಗಳಿಗೆ ಬಂದಿತು. ಪ್ರತಿಯೊಂದು ಹೆಜ್ಜೆಯೂ ಹೊರಗಿನಿಂದ ಬರುವವನನ್ನು, ಮುಖ್ಯವಾಗಿ ಪ್ರಯಾಣಿಕನನ್ನೂ ಅವನ ಗಂಟುಮೂಟೆಯನ್ನೂ, ಕುರಿತದ್ದು. ಸಿಯಾಟಲಿನವನು ಹೊರಗಿನವನಲ್ಲ. ಅವನ ಪೂರ್ವಚರಿತ್ರೆಯ ಪರಿಶೀಲನೆ ಆಗಿತ್ತು. ಒಳಗೆ ಓಡಾಡುವ ಪರವಾನಗಿ ಇತ್ತು. ವಿಮಾನವನ್ನು ಎಳೆಯುವುದು ಅವನ ಕೆಲಸವೇ ಆಗಿತ್ತು. ಮೋಟಾರಿನಂತೆ ತಿರುಗಿಸಬೇಕಾದ ಕೀಲಿಕೈ ಅಂಥ ವಿಮಾನಕ್ಕೆ ಇರುವುದಿಲ್ಲ. ಭದ್ರಾವತಿಯ ಸೇನೆ ಕುದುರೆ ನೀರು ಕುಡಿಯುವ ಹೊತ್ತಿನಲ್ಲಿ ಸೋತಂತೆ ಇಲ್ಲಿಯೂ ಕಾವಲು ಸೋತದ್ದು ನಿತ್ಯದ ಚಾಕರಿಯ ನಡುವೆ.

ಹಾಗೆಂದು ಚಾಕರಿ ಮಾಡುವವರೆಲ್ಲರನ್ನೂ ಸಂಶಯದಿಂದ ನೋಡಬೇಕೆಂಬ ಕೂಗನ್ನು ನಾವು ಒಪ್ಪಲಾರೆವು. ವಿಮಾನದ ಬಳಿಗೆ ಒಬ್ಬನೇ ಹೋಗದಂತೆ ಏರ್ಪಾಡು, ಒಳಬಾಗಿಲಿಗೆ ಬೀಗ, ಇವು ಬೇಕಾದವೇ. ಆದರೆ ಒಂದೇ ಪಾಳಿಯಲ್ಲಿ ಗಂಟುಗಳನ್ನು ಎತ್ತಿ ಇಳಿಸುವ ಇಬ್ಬರಲ್ಲಿ ಒಬ್ಬನ ಮೌನ ಇನ್ನೊಬ್ಬನಿಗೆ ಕಾಣುವಷ್ಟು ಬಿಡುವೂ ಸ್ನೇಹವೂ ಇದ್ದರೆ ಅದೂ ಕಾವಲೇ. ಅದನ್ನು ಯಾವ ಯಂತ್ರವೂ ಮಾಡಲಾರದು. ತರೀಕೆರೆಗೆ ದೂರವಲ್ಲದ ಸೋಗಾನೆಯಲ್ಲಿ ೨೦೨೩ರ ಫೆಬ್ರುವರಿ ೨೭ರಂದು ಶಿವಮೊಗ್ಗದ ನಿಲ್ದಾಣ ಪ್ರಾರಂಭವಾಗಿರುವುದರಿಂದ ಇದು ನಮ್ಮ ಸೀಮೆಗೂ ಇನ್ನು ಪರದೇಶದ ಪ್ರಶ್ನೆಯಲ್ಲ.

ಧ್ವನಿಮುದ್ರಣದಲ್ಲಿ ಎರಡನೆಯ ಕಂಠವೊಂದು ಇದೆಯೆಂಬುದನ್ನು ವಿಮರ್ಶಕರಾದರೂ ಗಮನಿಸಬೇಕು. ನಿಯಂತ್ರಣ ಕೇಂದ್ರದ ಆ ಮನುಷ್ಯ ಒಮ್ಮೆಯೂ ಗದರಿಸುವುದಿಲ್ಲ. ಎಡಕ್ಕೆ ತಿರುಗಿಸು, ಜನವಿಲ್ಲದ ಕಡೆ ಹೋಗು, ಅಲ್ಲಿ ಒಂದು ಓಡುದಾರಿ ಇದೆ, ಇಳಿಸಲು ನೋಡು ಎಂದು ಗೆಳೆಯನಂತೆ ಹೇಳುತ್ತಲೇ ಇರುತ್ತಾನೆ. ತುರುಗೊಳಿನಲ್ಲಿ ಬಿದ್ದವನಿಗೆ ಕಲ್ಲು ನಿಲ್ಲಿಸಿದವರು ಇದನ್ನು ಕೇಳಿದ್ದರೆ ಮೇಲಿನ ಪಟ್ಟಿಕೆಯಲ್ಲಿ ಕಡೆಯುತ್ತಿದ್ದುದು ಬಹುಶಃ ಈ ಕಂಠದವನನ್ನು.