ನಕಲಲ್ಲದ ನಕಲು

ರವಿವರ್ಮನ ಲಕ್ಷ್ಮಿಯ ಅಸಲು ಚಿತ್ರವನ್ನು ನಾನು ಕಂಡಿಲ್ಲ. ನಮ್ಮ ದೇವರ ಕೋಣೆಯಲ್ಲಿದ್ದದ್ದು ಅಚ್ಚು ಹಾಕಿದ ಪಟ. ಅಮ್ಮ ಅದಕ್ಕೇ ಹೂ ಮುಡಿಸಿದಳು, ಅದಕ್ಕೇ ಆರತಿ ಎತ್ತಿದಳು. ನಕಲೆಂದರೆ ನನ್ನ ಮಟ್ಟಿಗೆ ಅಂಥದ್ದು. ಕಡಿಮೆ ಬೆಲೆಗೆ ಮನೆಗೆ ಬರುವ, ಯಾರಿಗೂ ಕೇಡು ಮಾಡದ ವಸ್ತು. 2019ರ ಬೇಸಿಗೆಯಲ್ಲಿ ಓಹಿಯೋದ ತಮ್ಮನ ಮನೆಗೆ ಹೋಗಿದ್ದಾಗ ಅವನು, "ಅಕ್ಕಾ, ಹಳೇ ಮಿಲಿಟರಿ ಪಿಸ್ತೂಲಿನದೊಂದು ನಕಲು ತಗೊಳ್ತಾ ಇದ್ದೀನಿ, ಶೋಕೇಸಿನಲ್ಲಿ ಇಡೋಕೆ" ಅಂದ. ಇದೂ ಹಾಗೇ ಇರಬೇಕೆಂದುಕೊಂಡು ಅವನ ಜೊತೆ ಅಂಗಡಿಗೆ ಹೊರಟೆ.

ಅಂಗಡಿಯಲ್ಲಿ ಮೊದಲು ಕೈಗೆ ಬಂದದ್ದು ಪಿಸ್ತೂಲಲ್ಲ, ಕಾಗದ. ತಮ್ಮ ಆ ದೇಶದ ಪ್ರಜೆಯೇ. ಆದರೂ ಸರ್ಕಾರದ 4473ನೆಯ ನಮೂನೆ ತುಂಬಬೇಕಾಯಿತು. ದೊಡ್ಡ ಅಪರಾಧದಲ್ಲಿ ಶಿಕ್ಷೆ ಆಗಿದೆಯೇ, ಮಾದಕ ವಸ್ತುವಿನ ಚಟ ಉಂಟೇ ಎಂದು ಪ್ರಶ್ನೆಗಳು. ಆಮೇಲೆ ಅಂಗಡಿಯವನು ಎಫ್.ಬಿ.ಐ.ಯವರ ದಾಖಲೆಯಲ್ಲಿ ವಿಚಾರಿಸಿದ. ಲಕ್ಷ್ಮಿಯ ಪಟ ಕೊಳ್ಳುವಾಗ ಅಮ್ಮನನ್ನು ಯಾರೂ ಹೀಗೆಲ್ಲ ಕೇಳಿರಲಿಲ್ಲ. ಇದು ಬೇರೆ ಜಾತಿಯ ನಕಲೆಂದು ನನಗೆ ಅನುಮಾನ ಬಂದದ್ದೇ ಅಲ್ಲಿ.

ಮನೆಯಲ್ಲಿ ಪೆಟ್ಟಿಗೆ ತೆರೆದಾಗ, ನಿಜ ಹೇಳಬೇಕೆಂದರೆ, ಕೆಲಸ ಅಚ್ಚುಕಟ್ಟಾಗಿತ್ತು. ಮಂದವಾದ ಬೂದು ಮೈ, ಒಂದು ಕಿಲೋಗೂ ಮೀರಿದ ತೂಕ. ಜಾನ್ ಬ್ರೌನಿಂಗ್ ರೂಪಿಸಿದ ಈ ಮಾದರಿಯನ್ನು ಅಮೆರಿಕದ ಸೈನ್ಯ 1911ರಲ್ಲಿ ಒಪ್ಪಿಕೊಂಡು, 1985ರಲ್ಲಿ ಬೇರೆಯದನ್ನು ಆರಿಸುವವರೆಗೂ ಬಳಸಿತು. ಎರಡನೆಯ ಮಹಾಯುದ್ಧದ ಅಸಲು ಪಿಸ್ತೂಲಿಗೆ ಈಗ ಸಾವಿರಾರು ಡಾಲರ್; ತಮ್ಮನದಕ್ಕೆ ಐನೂರರೊಳಗೆ. ಆ ಯುದ್ಧಕಾಲದ ಪಿಸ್ತೂಲುಗಳ ಹಿಡಿಗೆ ಕಂದು ಪ್ಲಾಸ್ಟಿಕ್ ಇರುತ್ತಿತ್ತು. ಇದಕ್ಕೆ ನುಣುಪಾದ ಮರ. ಹಳೆಯದು ಎಂದರೆ ಹೀಗಿರಬೇಕೆಂದು ಕೊಳ್ಳುವವರು ಬಯಸುವ ಹಾಗೆ ಇದೆ.

ಆದರೆ ಹಳೆಯದರ ಕಥೆ ಈ ನುಣುಪಿನಲ್ಲಿ ಎಲ್ಲಿದೆ? ಯುದ್ಧದ ಹೊತ್ತಿನಲ್ಲಿ ಈ ಪಿಸ್ತೂಲುಗಳನ್ನು ಯಾರು ಯಾರು ಮಾಡಿದರೆಂದು ಓದಿ ನಾನು ಬೆರಗಾದೆ. ಅಮ್ಮ ನನ್ನ ಲಂಗ ಹೊಲಿದ ಯಂತ್ರದ ಸಿಂಗರ್ ಕಂಪೆನಿ 1941ರಲ್ಲಿ 500 ಪಿಸ್ತೂಲು ಮಾಡಿಕೊಟ್ಟಿತು. ನಾನು ಟೈಪಿಂಗ್ ಕಲಿತ ಯಂತ್ರದ ಮೇಲೆ ಹೆಸರಿದ್ದ ರೆಮಿಂಗ್ಟನ್ ರ್‍ಯಾಂಡ್ ಎಂಟು ಲಕ್ಷಕ್ಕೂ ಹೆಚ್ಚು. ಹೊಲಿಯುವ, ಅಕ್ಷರ ಮೂಡಿಸುವ ಕಾರ್ಖಾನೆಗಳನ್ನೂ ಯುದ್ಧ ಬಿಡಲಿಲ್ಲ.

ಇನ್ನೊಂದು ಸಂಗತಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫಿಲಿಪ್ಪೀನ್ಸನ್ನು ಆಳುತ್ತಿದ್ದ ಅಮೆರಿಕನ್ನರು ಅಲ್ಲಿನ ಮೋರೋ ಜನರ ಮೇಲೆ ಯುದ್ಧ ಹೂಡಿದ್ದರು. ಕೈಯಲ್ಲಿದ್ದ ರಿವಾಲ್ವರಿನ ಸಣ್ಣ ಗುಂಡು ತಗುಲಿದರೂ ಎದುರಾಳಿ ಬೀಳುವುದಿಲ್ಲ ಎಂಬ ದೂರು ಎದ್ದಿತು. 1904ರಲ್ಲಿ ಪರೀಕ್ಷೆ ನಡೆಸಿ, ಗುಂಡು ಸುಮಾರು 11 ಮಿಲಿಮೀಟರ್ ದಪ್ಪವಿರಬೇಕೆಂದು ತೀರ್ಮಾನಿಸಿದರು. 1911ರ ಪಿಸ್ತೂಲು ಆ ಅಳತೆಗೇ ಹುಟ್ಟಿದ್ದು. ತಮ್ಮ ಕೊಂಡದ್ದರ ಮೇಲೆ ತಯಾರಾದ ದೇಶದ ಹೆಸರು ಓದಿದೆ: ಫಿಲಿಪ್ಪೀನ್ಸ್! ಯಾರನ್ನು ಬೀಳಿಸಲೆಂದು ಆ ಗುಂಡಿನ ಅಳತೆ ಹಿಗ್ಗಿತೋ ಆ ನೆಲದಲ್ಲೇ ಇಂದು ಅದರ ನಕಲು ತಯಾರಾಗಿ ಅಮೆರಿಕದ ಶೋಕೇಸಿಗೆ ಬರುತ್ತದೆ. ಪೆಟ್ಟಿಗೆಯೊಳಗಿನ ಪುಸ್ತಿಕೆಯಲ್ಲಿ ಎಣ್ಣೆ ಹಾಕುವ ಕ್ರಮವಿತ್ತು, ಈ ಮಾತು ಇರಲಿಲ್ಲ.

ಅಷ್ಟರಲ್ಲಿ ತಮ್ಮನ ಒಂಬತ್ತು ವರ್ಷದ ಮಗಳು ಬಂದಳು. "ಅಪ್ಪಾ, ಇದು ನಿಜವಾದ್ದಾ?"

"ಇಲ್ಲ ಪುಟ್ಟಿ, ನಕಲು."

ಅವನ ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು: "ಗುಂಡು ಹಾಕಿದರೆ ಹಾರುತ್ತಾ?"

"ಹಾರುತ್ತೆ."

"ಹಾಗಾದರೆ ಅವಳಿಗೆ ಸುಳ್ಳು ಹೇಳಬೇಡಿ."

ನಾನು ಇಷ್ಟುದ್ದ ಬರೆಯುತ್ತಿರುವ ವಿಮರ್ಶೆಯನ್ನು ಆಕೆ ಒಂದೇ ಮಾತಿನಲ್ಲಿ ಮುಗಿಸಿದ್ದಳು. ಒಳ್ಳೆಯ ನಕಲು ಅಸಲಿನ ನೆನಪನ್ನು ತರಬೇಕು, ಅದರ ವಿಷವನ್ನು ಬಿಟ್ಟು ಬರಬೇಕು. ಈ ಪಿಸ್ತೂಲು ಮಾಡಿದ್ದು ತಿರುಗುಮುರುಗು. ಸತ್ತವರ, ಸಾಯಿಸಿದವರ ನೆನಪು ಅಲ್ಲೇ ಉಳಿಯಿತು. ಕೊಲ್ಲುವ ಶಕ್ತಿ ಮಾತ್ರ ಚೂರೂ ಕುಂದದೆ ಬಂತು. ತಮ್ಮನನ್ನು ನಾನು ದೂರುವುದಿಲ್ಲ. ಯುದ್ಧದ ಸಿನಿಮಾ ನೋಡಿ ಬೆಳೆದವನಿಗೆ ಅದರ ರೂಪ ಪ್ರಿಯವಾದದ್ದು ಸಹಜವೇ. ನನ್ನ ತಕರಾರು ಆ 'ನಕಲು' ಎಂಬ ಪದದ ಮೇಲೆ. ಅದು ನಮ್ಮ ಎಚ್ಚರವನ್ನು ಸಡಿಲಿಸುತ್ತದೆ, ಮಗುವಿನ ಕೈಯನ್ನು ಹತ್ತಿರ ಕರೆಯುತ್ತದೆ.

ಮರುದಿನವೇ ತಮ್ಮ ಬೀಗವಿರುವ ಕಬ್ಬಿಣದ ಪೆಟ್ಟಿಗೆ ತಂದ. ಪಿಸ್ತೂಲು ಅದರಲ್ಲಿ, ಗುಂಡುಗಳು ಬೇರೆ ಕಡೆ, ಕೀಲಿಕೈ ಹೆಂಡತಿಯ ಹತ್ತಿರ. ಚೆಂದ ಕಾಣಲೆಂದು ಕೊಂಡದ್ದನ್ನು ಯಾರಿಗೂ ಕಾಣದಂತೆ ಇಡಬೇಕಾಯಿತು.

ನಿಮ್ಮ ಮಗನೋ ತಮ್ಮನೋ ಆ ದೇಶದಿಂದ ಫೋನು ಮಾಡಿ ಇಂಥ ನಕಲು ಕೊಂಡೆ ಅಂದರೆ, ಬೆಲೆ ಎಷ್ಟು ಎಂದು ಕೇಳುವ ಮೊದಲು ಕೀಲಿಕೈ ಯಾರ ಹತ್ತಿರ ಇದೆ ಎಂದು ಕೇಳಿ.