ಕವಿಶೈಲದ ಕಲ್ಲುಗಳು: ಬಯಲ ಕಲೆ ಮತ್ತು ನಮ್ಮ ಕಲಾವಿದ್ಯಾರ್ಥಿ

ಕಲೆಯನ್ನು ಅಭ್ಯಸಿಸುವ ತರುಣನು ಪ್ರೇರಣೆಗಾಗಿ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೆ ನಮ್ಮಲ್ಲಿ ಸಿದ್ಧವಾದ ಉತ್ತರವೊಂದುಂಟು: ರಾಜಧಾನಿಗೆ ಹೋಗಬೇಕು. ಅಲ್ಲಿ ವೆಂಕಟಪ್ಪ ಚಿತ್ರಶಾಲೆಯಿದೆ. ೧೯೬೦ರಲ್ಲಿ ಸ್ಥಾಪಿತವಾದ ಚಿತ್ರಕಲಾ ಪರಿಷತ್ತಿದೆ. ಸಮಕಾಲೀನರ ಪ್ರದರ್ಶನಗಳು ಒಂದಾದ ಮೇಲೊಂದು ನಡೆಯುತ್ತವೆ. ಈ ಉತ್ತರ ತಪ್ಪಲ್ಲ, ಆದರೆ ಅಪೂರ್ಣ. ಶಿವಮೊಗ್ಗೆಯ ಅಥವಾ ಭದ್ರಾವತಿಯ ವಿದ್ಯಾರ್ಥಿಗೆ ಬೆಂಗಳೂರು ಮುನ್ನೂರು ಕಿಲೋಮೀಟರಿಗೆ ಸಮೀಪವಾದ ದೂರದಲ್ಲಿದೆ. ವರ್ಷಕ್ಕೊಮ್ಮೆ ಕಂಡುಬಂದ ಚಿತ್ರಶಾಲೆ ಅವನ ಕಣ್ಣನ್ನು ಎಷ್ಟು ಬೆಳೆಸೀತು? ದಿನನಿತ್ಯವೂ ಕಣ್ಣಿಗೆ ಬೀಳುವುದು ಬಯಲಿನಲ್ಲಿ ನಿಂತ ಕಲೆ: ಬಾಗಿಲಿಲ್ಲದ, ಕಾವಲಿಲ್ಲದ, ನೋಡಬೇಕೆಂದು ಬಾರದವನಿಗೂ ಕಾಣಿಸಿಕೊಳ್ಳುವ ಕಲೆ. ಇದನ್ನು ಇಲ್ಲಿ ‘ಬಯಲ ಕಲೆ’ ಎಂದು ಕರೆದಿದ್ದೇವೆ. ನಮ್ಮ ಜಿಲ್ಲೆಯ ಬಯಲ ಕಲೆ ಕಲಿಯುವವನಿಗೆ ಏನನ್ನು ಕೊಡಬಲ್ಲದು, ಎಲ್ಲಿ ಅವನನ್ನು ದಾರಿ ತಪ್ಪಿಸಬಲ್ಲದು ಎಂಬುದನ್ನು ವಿಮರ್ಶಿಸುವುದೇ ಈ ಲೇಖನದ ಉದ್ದೇಶ.

ಹೆಸರಿನಲ್ಲಿಯೇ ಗುಡಿಯೊಂದನ್ನು ಹೊತ್ತಿರುವ ದುರ್ಗಿಗುಡಿಯಿಂದ ಹೊರಟು, ತುಂಗೆಯ ದಡದ ಕೋಟೆ ಪ್ರದೇಶಕ್ಕೆ ನಡೆದರೆ ಶಿವಪ್ಪನಾಯಕನ ಅರಮನೆ ಎಂದು ಹೆಸರಾದ ಕಟ್ಟಡ ಸಿಗುವುದು. ಈಗ ಅದು ಸರಕಾರಿ ವಸ್ತುಸಂಗ್ರಹಾಲಯ. ಅದರ ಅಂಗಳದಲ್ಲಿ ವೀರಗಲ್ಲುಗಳೂ ಮಾಸ್ತಿಕಲ್ಲುಗಳೂ ಸಾಲಾಗಿ ನಿಂತಿವೆ. ಇತಿಹಾಸದ ವಿದ್ಯಾರ್ಥಿಗಳು ಅವುಗಳಲ್ಲಿ ಶಾಸನವನ್ನು ಮಾತ್ರ ಹುಡುಕುವುದು ರೂಢಿ. ಕಲೆಯ ವಿದ್ಯಾರ್ಥಿ ಹುಡುಕಬೇಕಾದುದು ಬೇರೆ. ವೀರಗಲ್ಲಿನ ಕಥೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ತಳದ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿಯಲ್ಲಿ ಕುಳಿತ ವೀರ. ಒಬ್ಬನೇ ಮನುಷ್ಯ ಮೂರು ಸಲ ಬರುತ್ತಾನೆ. ಕಾಲವು ಕಲ್ಲಿನ ಮೇಲೆ ಏಣಿಯಂತೆ ಏರುತ್ತದೆ. ಅಕ್ಷರ ಬಾರದವನಿಗೂ ಅರ್ಥವಾಗುವ ಈ ವಿನ್ಯಾಸವನ್ನು ಊರ ಬಾಗಿಲಲ್ಲಿ, ಕೆರೆಯ ಏರಿಯಲ್ಲಿ ನಿಲ್ಲಿಸಿದವರು ಬಯಲ ಕಲೆಯ ಧರ್ಮವನ್ನು ಚೆನ್ನಾಗಿ ಅರಿತವರು.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಗಮನಿಸಬೇಕು. ಪ್ರಾಚೀನ ಶಿಲ್ಪಿ ಅನಾಮಧೇಯನಾಗಿಯೇ ಉಳಿದನೆಂಬ ಮಾತು ಕನ್ನಡನಾಡಿನ ಮಟ್ಟಿಗೆ ಪೂರ್ಣಸತ್ಯವಲ್ಲ. ೧೧೧೭ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರ ಹೆಸರುಗಳು ಕೊರೆದಿವೆ. ಬಳ್ಳಿಗಾವೆ ನಮ್ಮ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನದು. ಭದ್ರಾವತಿಗೆ ದೂರವಲ್ಲದ ಅಮೃತಾಪುರದ ದೇವಾಲಯದಲ್ಲಿ (೧೧೯೬) ಮಲ್ಲಿತಮ್ಮನ ಹೆಸರಿದೆ. ೧೩ನೆಯ ಶತಮಾನದ ಸೋಮನಾಥಪುರದಲ್ಲಿಯೂ ಅದೇ ಹೆಸರು ಮತ್ತೆ ಮತ್ತೆ ದೊರೆಯುವುದು. ಊರನ್ನೂ ಮನೆತನವನ್ನೂ ಬಿರುದನ್ನೂ ಸೇರಿಸಿ ತನ್ನ ಕೃತಿಗೆ ಅಂಕಿತ ಹಾಕುವ ಅಭಿಮಾನ ಅಂದಿನ ರೂವಾರಿಗಳಿಗಿತ್ತು. ಹಾಕಗೊಡುವ ಔದಾರ್ಯ ಕಟ್ಟಿಸಿದವರಿಗೂ ಇತ್ತು.

ಈ ಹಿನ್ನೆಲೆಯಲ್ಲಿ ಇಂದಿನ ವೃತ್ತಗಳ ಪ್ರತಿಮೆಗಳನ್ನು ನೋಡಿದರೆ ಖೇದವಾಗುವುದು. ಎತ್ತರದ ಪೀಠ, ಅದರ ಮೇಲೆ ಒಬ್ಬ ಮಹನೀಯರು, ಸುತ್ತ ಕಬ್ಬಿಣದ ಬೇಲಿ. ನಾಡಿನ ಯಾವ ಪಟ್ಟಣಕ್ಕೆ ಹೋದರೂ ಹೆಚ್ಚುಕಡಿಮೆ ಇದೇ ರೂಪ. ಪೀಠದ ಫಲಕದಲ್ಲಿ ಅನಾವರಣ ಮಾಡಿದವರ, ಅಧ್ಯಕ್ಷತೆ ವಹಿಸಿದವರ ಹೆಸರುಗಳು ದೊಡ್ಡ ಅಕ್ಷರದಲ್ಲಿರುತ್ತವೆ. ಮಾಡಿದವನ ಹೆಸರು ಬಹುಮಟ್ಟಿಗೆ ಇರುವುದಿಲ್ಲ. ಮಹನೀಯರ ಮೇಲೆ ನಮಗೆ ಗೌರವವಿದೆ. ಆಕ್ಷೇಪವಿರುವುದು ಪ್ರತಿಮೆಯ ಮೌನಕ್ಕೆ. ವೀರಗಲ್ಲು ವೀರನು ಏನು ಮಾಡಿದನೆಂಬುದನ್ನು ಹೇಳುತ್ತದೆ. ಇಂದಿನ ಪ್ರತಿಮೆ ಅವನು ಹೇಗಿದ್ದನೆಂಬುದನ್ನಷ್ಟೇ ಹೇಳುತ್ತದೆ. ಜೊತೆಗೆ, ತನ್ನ ಊರಿನ ಪ್ರತಿಮೆಯನ್ನು ಎರಕ ಹೊಯ್ದವನಾರೆಂದು ತಿಳಿಯದ ವಿದ್ಯಾರ್ಥಿ ಸಮಕಾಲೀನ ಕಲಾವಿದನನ್ನು ಹುಡುಕಿಕೊಂಡು ಹೋಗುವುದಾದರೂ ಹೇಗೆ?

ಈ ಸಾಮಾನ್ಯ ನಿಯಮಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಗಣ್ಯವಾದ ಅಪವಾದವೊಂದಿದೆ. ಅದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಶೈಲ. ೧೯೯೪ರ ನವೆಂಬರಿನಲ್ಲಿ ಕುವೆಂಪು ಅವರು ಕಾಲವಾದ ಮೇಲೆ ಅವರ ಅಂತ್ಯಸಂಸ್ಕಾರ ನಡೆದುದು ಅಲ್ಲಿಯೇ. ಆ ಬಂಡೆಯ ನೆತ್ತಿಯ ಶಿಲಾಸ್ಮಾರಕವನ್ನು ರೂಪಿಸಿದವರು ಹಾಸನದ ಕಲಾವಿದ ಕೆ. ಟಿ. ಶಿವಪ್ರಸಾದರು. ನಿಡಿದಾದ ಕಲ್ಲುಗಳನ್ನು ನೆಟ್ಟು, ಅವುಗಳ ಮೇಲೆ ಅಡ್ಡಗಲ್ಲುಗಳನ್ನು ಹೊರಿಸಿದ ರಚನೆ ಅದು. ಕವಿಯ ಮುಖವಾಗಲಿ ಶಾಲಾಗಲಿ ಪುಸ್ತಕವಾಗಲಿ ಅಲ್ಲಿ ಕೆತ್ತಿಲ್ಲ. ಕಲ್ಲಿಗೆ ಹೊಳಪನ್ನೂ ಕೊಟ್ಟಿಲ್ಲ.

ಇದರ ಗುಣವೇನು? ಮೊದಲನೆಯದಾಗಿ, ಕಲಾವಿದನು ಕವಿಯನ್ನು ತೋರಿಸದೆ ಕವಿಯು ನೋಡಿದುದನ್ನು ತೋರಿಸಲು ಹೊರಟಿದ್ದಾನೆ. ಎರಡು ಕಂಬಗಳ ನಡುವಿನ ತೆರಪಿನಲ್ಲಿ ಮಲೆಯ ಸಾಲು, ಕಾಡು, ಆಕಾಶ ಇವು ಚೌಕಟ್ಟಿಗೆ ಬಂದು ನಿಲ್ಲುತ್ತವೆ. ನೋಡುವವನು ಹೆಜ್ಜೆ ಬದಲಿಸಿದಂತೆ ಚಿತ್ರವೂ ಬದಲಾಗುತ್ತದೆ. ಇಲ್ಲಿ ಶಿಲ್ಪದ ಮುಖ್ಯ ಭಾಗ ಕಲ್ಲಲ್ಲ, ಕಲ್ಲುಗಳ ನಡುವಿನ ಬರಿದು. ಮಲೆನಾಡಿನ ಪ್ರಕೃತಿಯನ್ನೇ ಕಾವ್ಯವಸ್ತುವಾಗಿಸಿಕೊಂಡ ಕವಿಗೆ ಇದಕ್ಕಿಂತ ಉಚಿತವಾದ ಸ್ಮಾರಕವನ್ನು ಕಲ್ಪಿಸುವುದು ಕಷ್ಟ. ಎರಡನೆಯದಾಗಿ, ಬಂಡೆಯ ಮೇಲೆ ಬಂಡೆಯನ್ನೇ ನಿಲ್ಲಿಸಿದುದರಿಂದ ಸ್ಮಾರಕವು ನೆಲದಿಂದಲೇ ಎದ್ದಂತಿದೆ; ಪೀಠವೆಂಬುದು ಬೇಕಾಗಿಲ್ಲ.

ಆಕ್ಷೇಪಗಳೂ ಇಲ್ಲದಿಲ್ಲ. ಇದು ಇಂಗ್ಲೆಂಡಿನ ಸ್ಟೋನ್‌ಹೆಂಜಿನ ಅನುಕರಣವೆಂಬುದು ಪ್ರವಾಸಿಗಳೂ ಆಡುವ ಮಾತು. ಹೋಲಿಕೆ ಸ್ಪಷ್ಟವಾಗಿಯೇ ಇದೆ, ಅಲ್ಲಗಳೆಯುವಂತಿಲ್ಲ. ಆದರೆ ಪರರೂಪವನ್ನು ತಂದುದೇ ದೋಷವೆನ್ನುವುದಾದರೆ, ಅದೇ ಬಂಡೆಯ ಮೇಲೆ ಕೊರೆದಿರುವ ಹಸ್ತಾಕ್ಷರಗಳ ಕಡೆ ಬೆರಳು ತೋರಿಸಬೇಕಾಗುತ್ತದೆ. ಕುವೆಂಪು, ಟಿ. ಎಸ್. ವೆಂಕಣ್ಣಯ್ಯ ಇವರ ಹೆಸರುಗಳೊಡನೆ ಅಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಹೆಸರೂ ಇದೆ. ‘ಇಂಗ್ಲಿಷ್ ಗೀತಗಳು’ ಎಂಬ ಸಂಗ್ರಹದಿಂದ ಹೊರಗಿನ ರೂಪವನ್ನು ತಂದು ಕನ್ನಡದ ಲಯಕ್ಕೆ ಒಗ್ಗಿಸಿದವರು ಅವರು. ಆದುದರಿಂದ ಕೇಳಬೇಕಾದ ಪ್ರಶ್ನೆ ‘ತಂದನೆ?’ ಎಂಬುದಲ್ಲ, ‘ತಂದುದು ಈ ನೆಲಕ್ಕೆ ಒಗ್ಗಿತೆ?’ ಎಂಬುದು.

ಈ ಪ್ರಶ್ನೆಗೆ ಉತ್ತರ ಹೇಳಲು ಇತಿಹಾಸದ ನೆರವು ಬೇಕು. ನಿಲ್ಲಿಸಿದ ಕಲ್ಲು ನಮಗೆ ಹೊಸದಲ್ಲ. ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ನಿಲಸ್‌ಕಲ್, ಬೈಸೆ, ಹೆರಗಲ್ ಮುಂತಾದೆಡೆಗಳಲ್ಲಿ ಬೃಹತ್ ಶಿಲಾಯುಗದ ನಿಲುಗಲ್ಲುಗಳಿವೆ. ಇವು ಕಂಡರಿಸದ, ನಿಸರ್ಗವೇ ಸೀಳಿಕೊಟ್ಟಂತಹ ಚಪ್ಪಡಿಗಳು. ಕಲ್ಲಿನಿಂದ ಕಲ್ಲಿಗೆ ಎಳೆದ ಗೆರೆಗಳು ಉತ್ತರಾಯಣ ದಕ್ಷಿಣಾಯನಗಳ ಸಂಧಿಯಲ್ಲಿ ಸೂರ್ಯ ಹುಟ್ಟುವ, ಮುಳುಗುವ ದಿಕ್ಕುಗಳಿಗೆ ಹೊಂದುತ್ತವೆಂದು ಈ ಶತಮಾನದಲ್ಲಿ ನಡೆದ ಸಂಶೋಧನೆಗಳು ವಾದಿಸಿವೆ. ನಿಂತ ಕಲ್ಲಿನ ಮೇಲೆ ಕಲ್ಲನ್ನು ಹೊರಿಸುವ ಕ್ರಮವೂ ಪರಕೀಯವಲ್ಲ: ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಶಿಲಾಸಮಾಧಿಗಳಲ್ಲಿ ಅದು ಇದೆ, ಹಂಪೆಯ ತುಲಾಭಾರದ ಕಂಬಗಳಲ್ಲಿಯೂ ಇದೆ.

ಹೀಗಿರುವಾಗ ಕವಿಶೈಲದ ಬಗೆಗೆ ನಮ್ಮ ನಿರ್ಣಯ ಮಿಶ್ರವಾಗಿಯೇ ಇರಬೇಕು. ಸ್ಥಳವನ್ನು ಅರಿತ ಬಗೆಯಲ್ಲಿ ಅದು ಪೂರ್ಣವಾಗಿ ನಮ್ಮದು. ಆದರೆ ಆಕಾರದಲ್ಲಿ ಅದು ನೋಡುವವನ ಮನಸ್ಸನ್ನು ಮೊದಲು ದೂರದ ದ್ವೀಪಕ್ಕೆ ಕರೆದೊಯ್ದು, ಬಳಿಕ ಮಲೆನಾಡಿಗೆ ಮರಳಿಸುತ್ತದೆ. ನಿಲಸ್‌ಕಲ್ಲಿನ ಒರಟು ಚಪ್ಪಡಿಗಳ ಮಿತಭಾಷೆ ಅದಕ್ಕಿನ್ನಷ್ಟು ಸಿಕ್ಕಿದ್ದರೆ ಈ ಸುತ್ತುದಾರಿ ತಪ್ಪುತ್ತಿತ್ತು. ಬಂಡೆಯ ಮೇಲಿನ ಚಿಕ್ಕ ಹಸ್ತಾಕ್ಷರಗಳು ಇಷ್ಟೊಂದು ಕಲ್ಲುಗಳ ನಡುವೆಯೂ ನಮ್ಮನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುತ್ತವೆ ಎಂಬುದನ್ನೂ ಹೇಳದಿರಲಾಗದು. ಆದರೂ ನಾಡಿನ ಆಧುನಿಕ ಸ್ಮಾರಕಗಳಲ್ಲಿ ಚರ್ಚೆಗೆ ಯೋಗ್ಯವಾದವು ವಿರಳ, ಇದು ಅವುಗಳಲ್ಲೊಂದು.

ಗೋಡೆಯ ಚಿತ್ರಗಳ ಮಾತು ಬೇರೆ. ೨೦೦೯ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯು ಫಲಕ ಬರೆಯುವ ಚಿತ್ರಕಾರರಿಂದ ರಸ್ತೆಬದಿಯ ಗೋಡೆಗಳಿಗೆ ನಾಡಿನ ದೃಶ್ಯಗಳನ್ನು ಬರೆಯಿಸಿತು. ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡವರಿಗೆ ಅದು ಅನ್ನವಾಯಿತು. ಅದು ಸಣ್ಣ ಸಂಗತಿಯಲ್ಲ. ಅನಂತರ ಇಂಥ ಚಿತ್ರಗಳು ನಾಡಿನ ಇತರ ಊರುಗಳಿಗೂ ಹಬ್ಬಿವೆ; ಸಾಗರ, ಸೊರಬದ ಕಡೆಯ ದೀವರ ಚಿತ್ತಾರವನ್ನು ಬಣ್ಣದ ಡಬ್ಬಿಗಳಿಂದ ಅನುಕರಿಸುವುದೂ ಉಂಟು. ಚಿತ್ತಾರ ಹುಟ್ಟಿದುದು ಮನೆಯೊಳಗೆ, ಹೆಂಗಸರ ಕೈಯಲ್ಲಿ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ನಾರಿನ ಕುಂಚದಿಂದ ಎಳೆದ ಸಣ್ಣ ಗೆರೆ, ಮದುವೆಯ ಹಸೆ ಅಥವಾ ಭೂಮಿಹುಣ್ಣಿಮೆಯ ಬುಟ್ಟಿ. ಇವೆಲ್ಲ ಸೇರಿ ಚಿತ್ತಾರ. ಗೆರೆಯೊಂದನ್ನೇ ಕಿತ್ತು ಬೀದಿಯ ಗೋಡೆಗೆ ಹತ್ತುಪಟ್ಟು ಹಿಗ್ಗಿಸಿದರೆ ಉಳಿಯುವುದು ಅಲಂಕಾರ ಮಾತ್ರ. ವಿದ್ಯಾರ್ಥಿ ಕಲಿಯಬೇಕಾದುದು ಆ ಗೆರೆಯ ಶಿಸ್ತನ್ನು, ಅದರ ನಕಲನ್ನಲ್ಲ.

ಬಯಲು ಮತ್ತು ಸಂದರ್ಭ ಎರಡನ್ನೂ ಒಟ್ಟಿಗೆ ಹಿಡಿದ ಸಮಕಾಲೀನರೂ ನಮ್ಮಲ್ಲಿದ್ದಾರೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿಯವರು ೨೦೧೫ರಲ್ಲಿ ಬೆಂಗಳೂರಿನ ರಸ್ತೆಗುಂಡಿಯೊಂದನ್ನು ಕೊಳವಾಗಿಸಿ ಅದರಲ್ಲಿ ಮೊಸಳೆಯ ಪ್ರತಿಕೃತಿಯನ್ನಿಟ್ಟರು. ಆ ಕೃತಿ ಬೇರೆ ಸ್ಥಳದಲ್ಲಿ ಅರ್ಥಹೀನ. ಗುಂಡಿಯೇ ಅದರ ಅರ್ಧ ಭಾಗ. ಗುಂಡಿ ಮುಚ್ಚಿದರೆ ಕೃತಿಯೂ ಮುಗಿಯಿತು. ಶಾಶ್ವತವಾಗಿರಬೇಕೆಂಬ ಹಂಬಲವಿಲ್ಲದ ಈ ಕಲೆ ವೀರಗಲ್ಲಿನ ಎದುರು ತುದಿಯಲ್ಲಿದ್ದರೂ, ದಾರಿಹೋಕನೊಡನೆ ನೇರವಾಗಿ ಮಾತನಾಡುವುದರಲ್ಲಿ ಅದಕ್ಕೆ ಬಂಧುವೇ ಸರಿ.

ಮೇಲಿನ ವಿವೇಚನೆಯಿಂದ ಫಲಿಸುವುದಿಷ್ಟು. ಬಯಲ ಕಲೆಯನ್ನು ಅಳೆಯಲು ಸ್ಥಳ, ಸಂದರ್ಭ, ಕರ್ತೃವಿನ ಹೆಸರು ಈ ಮೂರನ್ನು ಮೊದಲು ಕೇಳಬೇಕು. ಕಲಾಶಾಲೆಗಳೂ ಇತಿಹಾಸ ವಿಭಾಗಗಳೂ ಕೂಡಿ ವಿದ್ಯಾರ್ಥಿಗಳನ್ನು ಅರಮನೆಯ ಅಂಗಳಕ್ಕೆ, ನಿಲಸ್‌ಕಲ್ಲಿಗೆ, ಕವಿಶೈಲಕ್ಕೆ ಕರೆದೊಯ್ಯಬೇಕು. ಛಾಯಾಚಿತ್ರದಿಂದ ತೃಪ್ತರಾಗದೆ ಕುಳಿತು ರೇಖಿಸುವಂತೆ ಮಾಡಬೇಕು. ಈ ಕಾರ್ಯ ತ್ವರೆಯದು. ತೋಟವೋ ರಸ್ತೆಯೋ ಬೆಳೆದಾಗ ಹೆಸರಿಲ್ಲದ ನಿಲುಗಲ್ಲೊಂದು ಉರುಳಿದರೆ ಯಾರೂ ದೂರುವುದಿಲ್ಲ. ಅದನ್ನು ಒಮ್ಮೆ ರೇಖಿಸಿದ ವಿದ್ಯಾರ್ಥಿ ದೂರಿಯಾನು. ಹಾಗೆಯೇ, ತನ್ನ ಊರಿನಲ್ಲಿ ಮುಂದೆ ನಿಲ್ಲುವ ಪ್ರತಿಮೆಯ ಪೀಠದ ಮೇಲೆ ಶಿಲ್ಪಿಯ ಹೆಸರನ್ನು ಕೇಳುವವನೂ ಅವನೇ. ಬಳ್ಳಿಗಾವೆಯ ದಾಸೋಜನಿಗೆ ಬೇಲೂರಿನಲ್ಲಿ ದೊರೆತ ಮನ್ನಣೆ ಒಂಬತ್ತು ಶತಮಾನಗಳ ಮೇಲೆ ನಮ್ಮ ಕಾಲದ ಶಿಲ್ಪಿಗೂ ದೊರೆಯಬೇಕೆಂದು ಬಯಸುವುದು ಅತಿಯಾಸೆಯೇನೂ ಅಲ್ಲ.