ಕಾರಣದ ಖಾನೆ ಖಾಲಿ

ಭಾರೀ ಡೀಸೆಲ್ ಯಂತ್ರಗಳ ವರ್ಕ್‌ಶಾಪಿನಲ್ಲಿ ಹುಡುಗರು ಏನು ಕಲಿಯುತ್ತಿದ್ದಾರೆ ಎಂದು ತಿಳಿಯಬೇಕಾದರೆ ಅವರನ್ನೇ ಕೂರಿಸಿಕೊಂಡು ಪ್ರಶ್ನೆ ಕೇಳಬೇಕಾಗಿಲ್ಲ. ಹಳೆಯ ಜಾಬ್ ಕಾರ್ಡುಗಳ ಕಟ್ಟು ಬಿಚ್ಚಿ ನೋಡಿದರೆ ಸಾಕು. ಕಾರ್ಡಿನಲ್ಲಿ ಮೊದಲು ದೂರು, ಆಮೇಲೆ ಕಾರಣ, ಕೊನೆಗೆ ಮಾಡಿದ ಕೆಲಸ ಬರೆಯಬೇಕು. ದೂರಿನ ಜಾಗದಲ್ಲಿ ಆಪರೇಟರ್ ಹೇಳಿದ್ದು ಹಾಗೆಹಾಗೇ ಇಳಿದಿರುತ್ತದೆ: ಪಿಕಪ್ ಇಲ್ಲ, ಹೊಗೆ ಜಾಸ್ತಿ, ಬಿಸಿಯಾಗ್ತಿದೆ. ಕೊನೆಯ ಜಾಗದಲ್ಲಿ ಬದಲಿಸಿದ ಬಿಡಿಭಾಗಗಳ ಉದ್ದನೆಯ ಪಟ್ಟಿ. ಬಿಲ್ ಮಾಡಬೇಕಲ್ಲ, ಅದೊಂದು ತಪ್ಪುವುದಿಲ್ಲ. ನಡುವಿನ ಖಾನೆಯಲ್ಲಿ ಮಾತ್ರ ‘ಸವೆತ’ ಎಂಬ ಒಂದೇ ಪದ, ಅಥವಾ ಒಂದು ಅಡ್ಡಗೆರೆ. ಬೇರಿಂಗ್ ಹೋದರೂ ಸವೆತ, ನಾಝಲ್ ಕೆಟ್ಟರೂ ಸವೆತ, ಸವೆಯಲು ಏನೂ ಇಲ್ಲದ ಸೆನ್ಸರ್ ಬದಲಿಸಿದ್ದಕ್ಕೂ ಸವೆತ. ಅಪ್ರೆಂಟಿಸ್ ಪದ್ಧತಿಯ ಮೇಲೆ ನನಗಿರುವ ತಕರಾರೆಲ್ಲ ಈ ಖಾನೆಯದೇ.

ಚೆನ್ನೈನ ಅಣ್ಣಾ ನಗರ್‌ನಲ್ಲಿ ಕೂತು ಈ ಮಾತು ಬರೆಯುವುದು ಹೊರಗಿನವರಿಗೆ ವಿಚಿತ್ರವೆನಿಸಬಹುದು. ಅವರಿಗೆ ಇದು ಅಗಲ ಅವೆನ್ಯೂಗಳ, ಬಟ್ಟೆ ಒಡವೆ ಅಂಗಡಿಗಳ ಬಡಾವಣೆ. ಆದರೆ ಪಾಡಿಯ ಕಡೆ ಹೊರಳಿದರೆ ಲ್ಯೂಕಾಸ್ ಟಿವಿಎಸ್, ವೀಲ್ಸ್ ಇಂಡಿಯಾ; ಅದರಾಚೆ 1960ರ ದಶಕದಲ್ಲಿ ಬೆಳೆದ ಅಂಬತ್ತೂರು ಕೈಗಾರಿಕಾ ವಸಾಹತು; ಇತ್ತ ಪೆರಂಬೂರಿನ ರೈಲ್ವೆ ಬೋಗಿ ಕಾರ್ಖಾನೆ, ಸೆಂಬಿಯಂನಲ್ಲಿ ಡೀಸೆಲ್ ಎಂಜಿನ್ ಮಾಡುವ ಸಿಂಪ್ಸನ್. ಮೆಟ್ರೋ ಬಂದ ಮೇಲಂತೂ ಯಂತ್ರಗಳು ಬಡಾವಣೆಯ ಒಳಗೇ ಬಂದವು. 2017ರ ಮೇ 14ರಂದು ಚೆನ್ನೈನ ಮೊದಲ ನೆಲದಡಿಯ ರೈಲು ಓಡಿದ್ದು ತಿರುಮಂಗಲಂ, ಅಣ್ಣಾ ನಗರ್ ಟವರ್, ಅಣ್ಣಾ ನಗರ್ ಈಸ್ಟ್ ನಿಲ್ದಾಣಗಳನ್ನು ಹಾದು ನೆಹರು ಪಾರ್ಕಿನವರೆಗೆ. ಸುರಂಗ ಕೊರೆಯುವ ಯಂತ್ರವೇನೋ ಕರೆಂಟಿನದು. ಆದರೆ ಕ್ರೇನು, ಮಣ್ಣು ಬಾಚುವ ಎಕ್ಸ್‌ಕವೇಟರು, ರಾತ್ರಿಯಿಡೀ ಮಣ್ಣು ಹೊರುವ ಟಿಪ್ಪರು ಎಲ್ಲ ಡೀಸೆಲ್ ಕುಡಿಯುವಂಥವು. ಈಗ ಮಾಧವರಂನಿಂದ ಷೋಲಿಂಗನಲ್ಲೂರಿಗೆ ಹೋಗುವ ಎರಡನೇ ಹಂತದ 5ನೇ ಕಾರಿಡಾರ್ ಕೂಡ ತಿರುಮಂಗಲಂ ಮೂಲಕವೇ ಹಾದುಹೋಗುತ್ತದೆ. ಅಂದಹಾಗೆ, 1968ರ ವಾಣಿಜ್ಯ ಮೇಳಕ್ಕೆಂದು ಎದ್ದ ಇಲ್ಲಿನ ಗೋಪುರದ ಪಾರ್ಕಿಗೆ ಇರುವ ಅಧಿಕೃತ ಹೆಸರು ನಮ್ಮ ವಿಶ್ವೇಶ್ವರಯ್ಯನವರದು. ಬೆಂಗಳೂರಿನಲ್ಲಿ 1943ರಲ್ಲಿ ಶುರುವಾದ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟಿನ ಹಿಂದೆ ನಿಂತು, ಕೈಕೆಲಸದವನಿಗೂ ಕ್ರಮಬದ್ಧ ಕಲಿಕೆ ಬೇಕೆಂದು ಹಟ ಹಿಡಿದವರು ಅವರು. ಪಾರ್ಕಿನಲ್ಲಿ ವಾಕಿಂಗ್ ಮಾಡುವವರಿಗೆ ಇದು ನೆನಪಿರಬೇಕೆಂದೇನೂ ಇಲ್ಲ.

ದೇಶದ ಐಟಿಐಗಳಿಗೆಲ್ಲ ಪಠ್ಯಪುಸ್ತಕ ಸಿದ್ಧಪಡಿಸುವ ಸಂಸ್ಥೆ, ನಿಮಿ ಎಂದು ಎಲ್ಲರೂ ಕರೆಯುವ ರಾಷ್ಟ್ರೀಯ ಬೋಧನಾ ಮಾಧ್ಯಮ ಸಂಸ್ಥೆ, ಇರುವುದೂ ಈ ಊರಿನಲ್ಲೇ, ಗಿಂಡಿಯಲ್ಲಿ. 1986ರಲ್ಲಿ ಜರ್ಮನ್ ಸರ್ಕಾರದ ನೆರವಿನಿಂದ ಹುಟ್ಟಿದ್ದು. ಮೆಕ್ಯಾನಿಕ್ ಡೀಸೆಲ್ ಎಂಬ ಒಂದು ವರ್ಷದ ಟ್ರೇಡಿಗೆ ಅದರ ಥಿಯರಿ ಮತ್ತು ಪ್ರಾಕ್ಟಿಕಲ್ ಪುಸ್ತಕಗಳೇ ಆಧಾರ. ಅಳತೆಯ ಪಾಠಗಳು ಈ ಪುಸ್ತಕಗಳ ದೊಡ್ಡ ಶಕ್ತಿ. ಸಿಲಿಂಡರಿನ ಬೋರ್ ಎಲ್ಲಿ ಅಂಡಾಕಾರವಾಗಿದೆ, ಮೇಲಿನಿಂದ ಕೆಳಕ್ಕೆ ಎಷ್ಟು ಓರೆಯಾಗಿದೆ ಎಂದು ಬೋರ್ ಗೇಜ್ ಇಟ್ಟು ಹೇಳುವುದನ್ನು ಹದಿನೆಂಟರ ಹುಡುಗನಿಗೆ ಕಲಿಸುವುದು ಸಣ್ಣ ಮಾತಲ್ಲ. ರಸ್ತೆಬದಿಯ ಗ್ಯಾರೇಜಿನಲ್ಲಿ ಹತ್ತು ವರ್ಷ ದುಡಿದ ಎಷ್ಟೋ ಮೇಸ್ತ್ರಿಗಳು ಬೆರಳುಗುರು ತಾಗಿಸಿ ‘ಬೋರ್ ಹೋಗಿದೆ’ ಎನ್ನುತ್ತಾರೆ. ಎಷ್ಟು ಹೋಗಿದೆ ಎಂದು ಕೇಳಿದರೆ ಉತ್ತರವಿಲ್ಲ.

ದೋಷ ಇರುವುದು ಪಾಠಗಳ ಅನುಕ್ರಮದಲ್ಲಿ. ಸುರಕ್ಷತೆ, ಕೈ ಉಪಕರಣ, ಅಳತೆ, ವೆಲ್ಡಿಂಗ್, ಆಮೇಲೆ ಎಂಜಿನ್ ಬಿಚ್ಚುವುದು, ವಾಲ್ವ್, ಪಿಸ್ಟನ್, ಕ್ರ್ಯಾಂಕ್, ಆಯಿಲ್, ನೀರು, ಪಂಪ್, ನಾಝಲ್, ಸ್ಟಾರ್ಟರ್. ಇದೆಲ್ಲ ಮುಗಿದು ವರ್ಷದ ತುದಿಗೆ ಬಂದಾಗ ದೋಷ ಹುಡುಕುವ ಪಾಠ. ಅದೂ ಎಂಜಿನ್ ಸ್ಟಾರ್ಟ್ ಆಗದಿದ್ದರೆ, ಬಿಸಿಯಾದರೆ, ಆಯಿಲ್ ಒತ್ತಡ ಇಳಿದರೆ ಎಂದು ಒಂದೊಂದು ದೂರಿಗೂ ಕಾರಣ ಮತ್ತು ಪರಿಹಾರ ಜೋಡಿಸಿಟ್ಟ ಮಾದರಿಯಲ್ಲಿ. ಎಂಜಿನ್ ಬಿಚ್ಚುವುದನ್ನು ಹುಡುಗ ತಿಂಗಳುಗಟ್ಟಲೆ ಮೊದಲೇ ಕಲಿತಿರುತ್ತಾನೆ, ಬಿಚ್ಚಬೇಕೋ ಬೇಡವೋ ಎಂಬ ವಿಚಾರ ಕೊನೆಗೆ ಬರುತ್ತದೆ. ಬಿಚ್ಚಿದ್ದೂ ಸ್ಟ್ಯಾಂಡಿನ ಮೇಲಿರುವ ಎಂಜಿನ್. ಅದು ಯಾವ ಹೊರೆಯನ್ನೂ ಎಳೆಯುತ್ತಿಲ್ಲ, ಅದರ ಬಗ್ಗೆ ದೂರು ಹೇಳುವ ಆಪರೇಟರೂ ಇಲ್ಲ. ಇಂಥ ತಯಾರಿಯಲ್ಲಿ ವರ್ಕ್‌ಶಾಪಿಗೆ ಬಂದವನ ಕೈ ನೇರ ಪಾನಾ ಕಡೆಗೇ ಹೋದರೆ ಅವನನ್ನು ದೂರುವಂತಿಲ್ಲ. ಕಾರ್ಖಾನೆಗೆ ಸೇರಿದವನ ಕೊರತೆ ಇದಕ್ಕೆ ತಿರುಗುಮುರುಗು. ಕೆಜಿಎಫ್‌ನ ಬಿಇಎಂಎಲ್‌ನಲ್ಲಿ ಬುಲ್ಡೋಜರ್, ಎಕ್ಸ್‌ಕವೇಟರ್ ತಯಾರಾಗುತ್ತವೆ, ಮೈಸೂರಿನಲ್ಲಿ ಡಂಪರ್ ಮತ್ತು ಎಂಜಿನ್. ಅಂಥ ಜೋಡಣೆಯ ಸಾಲಿನಲ್ಲಿ ಕಲಿತವನು ಶುದ್ಧ ಜೋಡಣೆ ಬಲ್ಲ, ಅವನ ಕಣ್ಣಿಗೆ ಬೀಳುವುದೆಲ್ಲ ಹೊಸ ಯಂತ್ರ.

ಹಳೆಯ ತಲೆಮಾರಿನ ಒಂದು ಎಕ್ಸ್‌ಕವೇಟರನ್ನೇ ತೆಗೆದುಕೊಳ್ಳೋಣ. (ನಮ್ಮ ಕಡೆ ಯಾವ ಕಂಪನಿಯದಾದರೂ ಅದು ಹಿಟಾಚಿಯೇ.) ದೂರು: ಗಟ್ಟಿ ಮಣ್ಣಿಗೆ ಬಕೆಟ್ ಹಾಕಿದ ಕೂಡಲೇ ಎಂಜಿನ್ ಕೂರುತ್ತದೆ, ಕಪ್ಪು ಹೊಗೆ. ಕಪ್ಪು ಹೊಗೆ ಎಂದರೆ ನಾಝಲ್ ಎಂದು ವರ್ಕ್‌ಶಾಪಿನ ಬಾಯಿಪಾಠ. ಆರೂ ನಾಝಲ್ ಕಳಚಿ ಪಂಪ್ ಅಂಗಡಿಗೆ ಹೋಗುತ್ತವೆ, ಎರಡು ಮೂರು ದಿನ ಯಂತ್ರ ಮಲಗುತ್ತದೆ, ಬಿಲ್ ಆಗುತ್ತದೆ, ಸೈಟಿಗೆ ಹೋದ ಯಂತ್ರ ಮತ್ತೆ ಕೂರುತ್ತದೆ. ಕೇಳಬೇಕಿದ್ದ ಮೊದಲ ಪ್ರಶ್ನೆ ಬೇರೆಯೇ ಇತ್ತು: ಎಂಜಿನ್ ಬಲ ಕಳೆದುಕೊಂಡಿದೆಯೋ, ಅಥವಾ ಅದರ ಮೇಲೆ ಬೀಳುತ್ತಿರುವ ಹೊರೆಯೇ ಹೆಚ್ಚಾಗಿದೆಯೋ? ಎಕ್ಸ್‌ಕವೇಟರಿನಲ್ಲಿ ಎಂಜಿನ್ ತಿರುಗಿಸುವುದು ಹೈಡ್ರಾಲಿಕ್ ಪಂಪನ್ನು. ಪಂಪಿನ ಒತ್ತಡ ಮತ್ತು ಹರಿವಿನ ಗುಣಾಕಾರವೇ ಎಂಜಿನ್ ಹೊರುವ ಭಾರ. ಒತ್ತಡ ಏರಿದಂತೆ ಹರಿವು ತಾನಾಗಿ ಇಳಿಯಬೇಕು, ಅದನ್ನು ಇಳಿಸುವುದು ಪಂಪಿನ ರೆಗ್ಯುಲೇಟರ್. ಅದು ಎಲ್ಲೋ ಅಂಟಿಕೊಂಡು ಹರಿವು ಇಳಿಯದಿದ್ದರೆ ಗಟ್ಟಿಮುಟ್ಟಾದ ಎಂಜಿನ್ನೂ ಕೂರುತ್ತದೆ, ಹೊಗೆಯನ್ನೂ ಉಗುಳುತ್ತದೆ.

ಇದನ್ನು ಬೇರ್ಪಡಿಸಿ ನೋಡಲು ಏನನ್ನೂ ಬಿಚ್ಚಬೇಕಾಗಿಲ್ಲ. ಹೊರೆಯಿಲ್ಲದೆ ಎಂಜಿನ್ ಎಷ್ಟು ಆರ್‌ಪಿಎಂ ಮುಟ್ಟುತ್ತದೆ ಎಂದು ಬರೆದುಕೊಳ್ಳಬೇಕು. ಆಮೇಲೆ ಬಕೆಟ್ಟನ್ನು ಪೂರ್ತಿ ಮಡಿಸಿ ಲಿವರ್ ಹಿಡಿದೇ ಇದ್ದರೆ ಒತ್ತಡ ರಿಲೀಫ್ ವಾಲ್ವಿನವರೆಗೆ ಏರುತ್ತದೆ. ಸಾಮಾನ್ಯ ಯಂತ್ರಗಳಲ್ಲಿ ಸುಮಾರು 340ರಿಂದ 350 ಬಾರ್. ಗೇಜಿನಲ್ಲಿ ಅದು ಎಷ್ಟು ಬಂತು, ಆಗ ಆರ್‌ಪಿಎಂ ಎಷ್ಟು ಬಿತ್ತು, ಟರ್ಬೋದಿಂದ ಬರುವ ಗಾಳಿಯ ಒತ್ತಡ ಎಷ್ಟಿತ್ತು, ಫಿಲ್ಟರ್ ದಾಟಿದ ಡೀಸೆಲ್ಲಿನ ಒತ್ತಡ ಎಷ್ಟಿತ್ತು. ಇಷ್ಟು ಸಂಖ್ಯೆ ಕೈಯಲ್ಲಿದ್ದರೆ ಅರ್ಧ ಗಂಟೆಯಲ್ಲಿ ದಾರಿ ಎರಡಾಗಿ ಒಡೆಯುತ್ತದೆ. ಗಾಳಿ, ಡೀಸೆಲ್ ಎರಡೂ ಸರಿಯಿದ್ದು ಎಂಜಿನ್ ಕೂತರೆ ಪಂಪಿನ ಕಡೆ ನಡೆಯಬೇಕು; ಗಾಳಿ ಕಮ್ಮಿಯಾದರೆ ಏರ್ ಫಿಲ್ಟರ್ ಮತ್ತು ಟರ್ಬೋ ಹೋಸ್ ಕಡೆ. ಇಷ್ಟನ್ನು ಕಲಿಸಲು ಬೇಕಾದ್ದು ನಾಲ್ಕು ಗೇಜು ಮತ್ತು ಒಂದು ನೋಟ್‌ಬುಕ್ಕು. ಹೆಚ್ಚಿನ ಕಡೆ ಗೇಜಿನ ಪೆಟ್ಟಿಗೆ ಸೂಪರ್‌ವೈಸರ್ ಬೀರುವಿನಲ್ಲಿ ಬೀಗ ಹಾಕಿಕೊಂಡಿರುತ್ತದೆ. ಅಪ್ರೆಂಟಿಸ್ ಮುರಿದುಹಾಕಿದರೆ ಎಂಬ ಭಯ.

ಹಳೆಯ ಮೇಸ್ತ್ರಿಗಳ ಕಿವಿಯನ್ನು ಹೊಗಳುವುದು ಈಗೊಂದು ರೂಢಿ. ಆ ಹೊಗಳಿಕೆಯಲ್ಲಿ ಸತ್ಯವಿದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟು ಯಾವ ಬೇರಿಂಗ್ ಕೂಗುತ್ತಿದೆ ಎಂದು ಹೇಳುವವರು ಪಾಡಿ, ಅಂಬತ್ತೂರು ರಸ್ತೆಗಳಲ್ಲಿ ಇಂದಿಗೂ ಸಿಗುತ್ತಾರೆ. ಅದು ಅಭ್ಯಾಸದಿಂದ ಬಂದ ನಿಜವಾದ ಜ್ಞಾನ. ಆದರೆ ಅದನ್ನು ಅವರು ಹಂಚಿಕೊಂಡ ಬಗೆಯನ್ನು ಹೊಗಳುವುದು ಕಷ್ಟ. ‘ತಂಬಿ, ನೋಡ್ತಾ ಇರು, ತಾನಾಗಿ ಬರುತ್ತೆ’ ಎಂಬುದರಾಚೆ ಪಾಠವಿಲ್ಲ. ಪಂಪಿನ ಟೈಮಿಂಗ್ ಕೂರಿಸುವ ಹೊತ್ತಿಗೆ ಸರಿಯಾಗಿ ಹುಡುಗನನ್ನು ಟೀ ತರಲು ಕಳಿಸುವ ಮೇಸ್ತ್ರಿಗಳ ಕತೆ ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತು.

ಇನ್ನೂ ಗಂಭೀರವಾದ ಸಂಗತಿಯೆಂದರೆ, ಆ ಹಳೆಯ ಕೈಚಳಕದಲ್ಲಿ ಕೆಲವು ಈಗ ಪ್ರಾಣಕ್ಕೇ ಸಂಚಕಾರ. ಎಂಜಿನ್ ಓಡುತ್ತಿರುವಾಗಲೇ ಒಂದೊಂದು ನಾಝಲ್ ಪೈಪಿನ ನಟ್ಟನ್ನು ಸಡಿಲಿಸಿ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ಹುಡುಕುವುದು ಹಿಂದೆ ಸಾಧಾರಣ ಪರೀಕ್ಷೆಯಾಗಿತ್ತು. ಆಗ ನಾಝಲ್ ತೆರೆಯುತ್ತಿದ್ದದ್ದು ಸುಮಾರು 200 ಬಾರ್ ಒತ್ತಡಕ್ಕೆ. ಈಗಿನ ಕಾಮನ್ ರೈಲ್ ಎಂಜಿನ್ನಿನಲ್ಲಿ ಪೈಪಿನೊಳಗೆ 1,600 ಬಾರ್ ದಾಟಿದ ಡೀಸೆಲ್ ನಿಂತಿರುತ್ತದೆ. ಕೂದಲೆಳೆಯಷ್ಟು ಸೋರಿದರೂ ಅದು ಚರ್ಮ ಕೊರೆದು ಒಳಗೆ ಇಳಿಯುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಾಣುವುದರಿಂದ ಒರೆಸಿಕೊಂಡು ಕೆಲಸ ಮುಂದುವರಿಸುತ್ತಾರೆ, ಆಸ್ಪತ್ರೆಗೆ ತಡವಾಗಿ ಹೋದವರು ಬೆರಳನ್ನೋ ಕೈಯನ್ನೋ ಕಳೆದುಕೊಳ್ಳುತ್ತಾರೆ. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿಯಬೇಕು, ಕೈ ಆಡಿಸಬಾರದು. ಇದನ್ನು ಮೊದಲ ದಿನವೇ ಹೇಳಿಕೊಡದ ವರ್ಕ್‌ಶಾಪ್ ಉಳಿದದ್ದೆಲ್ಲ ಚೆನ್ನಾಗಿ ಕಲಿಸಿದರೂ ಅದನ್ನು ಒಳ್ಳೆಯದೆನ್ನಲಾರೆ.

ಇನ್ನು ಲ್ಯಾಪ್‌ಟಾಪು. ರಸ್ತೆ ವಾಹನಗಳಿಗೆ 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂತು. ಚಕ್ರದ ಮೇಲೆ ಓಡುವ ನಿರ್ಮಾಣ ಯಂತ್ರಗಳಿಗೆ 2021ರ ಏಪ್ರಿಲ್‌ನಲ್ಲಿ 4ನೇ ಹಂತ, 2025ರ ಜನವರಿಯಿಂದ 5ನೇ ಹಂತದ ಹೊಗೆ ನಿಯಮ. ಇದರೊಂದಿಗೆ ಕಂಟ್ರೋಲ್ ಯೂನಿಟ್, ಹತ್ತಾರು ಸೆನ್ಸರ್, ಯೂರಿಯಾ ದ್ರಾವಣ, ಮಸಿ ಹಿಡಿಯುವ ಫಿಲ್ಟರ್ ಎಲ್ಲ ಬಂದವು. ದೋಷ ಹುಡುಕುವ ಕೆಲಸ ಸುಲಭವಾಯಿತು ಎಂದೇ ಎಲ್ಲರೂ ಭಾವಿಸಿದರು. ಕೇಬಲ್ ಸಿಕ್ಕಿಸಿದರೆ ಪರದೆಯ ಮೇಲೆ ಎಸ್‌ಪಿಎನ್ 157, ಎಫ್‌ಎಂಐ 18. ಅಂದರೆ ಕಾಮನ್ ರೈಲಿನ ಒತ್ತಡ ಇರಬೇಕಾದ್ದಕ್ಕಿಂತ ಕಡಿಮೆ. ರೈಲಿನ ಸೆನ್ಸರ್ ಹೆಸರು ಕಂಡ ಕೂಡಲೇ ಆ ಸೆನ್ಸರನ್ನೇ ಬದಲಿಸುತ್ತಾರೆ, ಕೆಟ್ಟ ಸುದ್ದಿ ತಂದ ಅಂಚೆಯಣ್ಣನನ್ನೇ ಬದಲಿಸಿದ ಹಾಗೆ.

ಎರಡನೇ ಸಂಖ್ಯೆಯನ್ನು ಓದಲು ಕಲಿತವನು ಹಾಗೆ ಮಾಡುವುದಿಲ್ಲ. ಈ ಕೋಡುಗಳನ್ನು ಬರೆಯುವ ಜೆ1939 ಪದ್ಧತಿಯಲ್ಲಿ ಎಫ್‌ಎಂಐ 3 ಅಥವಾ 4 ಬಂದರೆ ಅದು ವೋಲ್ಟೇಜಿನ ದೂರು. ವೈರು, ಕನೆಕ್ಟರು, ಸೆನ್ಸರು ನೋಡಬೇಕು. 1 ಅಥವಾ 18 ಬಂದರೆ ಸೆನ್ಸರ್ ಹೇಳುತ್ತಿರುವ ಸಂಖ್ಯೆ ನಂಬುವಂಥದ್ದೇ, ಒತ್ತಡ ನಿಜಕ್ಕೂ ಕಡಿಮೆಯಿರುವ ಸಾಧ್ಯತೆಯೇ ಹೆಚ್ಚು. ಆಗ ಹೋಗಬೇಕಾದ್ದು ನೀರು ಬೇರ್ಪಡಿಸುವ ಫಿಲ್ಟರಿಗೆ, ಗಾಳಿ ಎಳೆಯುತ್ತಿರುವ ಪೈಪಿನ ಜೋಡಣೆಗೆ, ಲಿಫ್ಟ್ ಪಂಪಿಗೆ. ಅಲ್ಲೂ ಸರಿಯಿದ್ದರೆ ನಾಝಲ್‌ಗಳ ರಿಟರ್ನ್ ಪೈಪಿಗೆ ಒಂದೊಂದು ಬಾಟಲಿ ಕಟ್ಟಿ ಯಾವುದರಿಂದ ಡೀಸೆಲ್ ಹೆಚ್ಚು ವಾಪಸ್ ಬರುತ್ತಿದೆ ಎಂದು ನೋಡಬೇಕು. ಲಕ್ಷಗಟ್ಟಲೆ ಬೆಲೆಯ ತಂತ್ರಾಂಶ ಕೊನೆಗೆ ನಿಮ್ಮನ್ನು ಕರೆದುಕೊಂಡು ಬರುವುದು ಈ ಪ್ಲಾಸ್ಟಿಕ್ ಬಾಟಲಿಗಳ ಬಳಿಗೇ. ಕೋಡ್ ಎಂಬುದು ಆಪರೇಟರನ ‘ಪಿಕಪ್ ಇಲ್ಲ’ ಎಂಬಂತೆಯೇ ಒಂದು ದೂರು, ಸ್ವಲ್ಪ ನಿಖರವಾದ ದೂರು, ಅಷ್ಟೇ. ಅದನ್ನು ಕಾರಣದ ಜಾಗದಲ್ಲಿ ಬರೆದುಕೊಂಡು ಮುಗಿಸುವುದು ‘ಸವೆತ’ ಎಂದು ಬರೆದಷ್ಟೇ ಸೋಮಾರಿತನ.

ನಿರ್ವಹಣೆಯ ವಿಷಯದಲ್ಲೂ ಇದೇ ಕತೆ. ಪ್ರತಿ 250 ಅಥವಾ 500 ಗಂಟೆಗೆ ಎಂಜಿನ್ ಆಯಿಲ್, ದಿನವೂ ಗ್ರೀಸ್ ಎಂಬ ಚಾರ್ಟು ಗೋಡೆಯ ಮೇಲಿರುತ್ತದೆ, ಹುಡುಗರು ಅದನ್ನು ಬಾಯಿಪಾಠ ಮಾಡುತ್ತಾರೆ. ಏರ್ ಫಿಲ್ಟರನ್ನು ಟೈರಿಗೆ ಕುಟ್ಟಿ ಧೂಳು ಉದುರಿಸಿ ಮತ್ತೆ ಹಾಕಬಾರದೇಕೆ ಎಂದು ಯಾರೂ ತೋರಿಸಿಕೊಡುವುದಿಲ್ಲ. ಕುಟ್ಟಿದಾಗ ಮಡಿಕೆಯ ಕಾಗದ ಸೀಳುತ್ತದೆ, ಸೀಳಿನಿಂದ ಹೋದ ಸಣ್ಣ ಮರಳು ಲೈನರನ್ನೂ ರಿಂಗನ್ನೂ ತಿನ್ನುತ್ತದೆ. ಆಯಿಲ್ ಪರೀಕ್ಷೆಗೆ ಕಳಿಸಿದರೆ ಸಿಲಿಕಾನ್ ಮತ್ತು ಕಬ್ಬಿಣ ಜೊತೆಜೊತೆಗೇ ಏರಿರುವುದು ಕಾಣುತ್ತದೆ. ಚೆನ್ನೈನ ಬೋರ್‌ವೆಲ್ ನೀರಿನ ಉಪ್ಪು ಇನ್ನೊಂದು ಉಪದ್ರವ. ಕೂಲಂಟ್ ದುಬಾರಿ ಎಂದು ನಲ್ಲಿಯ ನೀರನ್ನೇ ಸುರಿದ ರೇಡಿಯೇಟರ್ ಒಳಗೆ ಸುಣ್ಣ ಕಟ್ಟುತ್ತದೆ. ಲೈನರಿನ ಹೊರಮೈಯಲ್ಲಿ ಕಂಪನದಿಂದ ಎದ್ದ ಗುಳ್ಳೆಗಳು ಒಡೆದೊಡೆದು ತೂತು ಬೀಳುವುದನ್ನು ತಡೆಯುವ ರಾಸಾಯನಿಕ ಆ ನೀರಿನಲ್ಲಿ ಎಲ್ಲಿಂದ ಬರಬೇಕು? ಇಂಥ ಲೈನರನ್ನು ಗುಜರಿಗೆ ಎಸೆಯುವ ಮೊದಲು ಅಪ್ರೆಂಟಿಸನ ಕೈಗೆ ಕೊಟ್ಟು ಒಂದು ಗಂಟೆ ಬಿಟ್ಟರೆ ಅದೇ ದೊಡ್ಡ ಪಾಠ. 2015ರ ಡಿಸೆಂಬರಿನ ಪ್ರವಾಹದಂಥ ಹೊತ್ತಿನಲ್ಲಿ ಕಾರಣ ಬಲ್ಲವನ ಬೆಲೆ ಗೊತ್ತಾಗುತ್ತದೆ. ಸಿಲಿಂಡರಿಗೆ ನೀರು ಹೊಕ್ಕ ಎಂಜಿನ್ನಿನ ಸ್ಟಾರ್ಟರ್ ಒತ್ತಿದರೆ ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಾಝಲ್ ತೆಗೆದು ಕೈಯಿಂದ ತಿರುಗಿಸಿ ನೀರು ಹೊರಹಾಕುವ ತಾಳ್ಮೆ ಚಾರ್ಟು ನೋಡಿ ಬರುವಂಥದ್ದಲ್ಲ.

ಕಾನೂನು ಈ ಬಗ್ಗೆ ಏನು ಮಾಡಿದೆ? 1961ರ ಅಪ್ರೆಂಟಿಸ್ ಕಾಯ್ದೆ ತರಬೇತಿಯ ಅವಧಿ, ಸ್ಟೈಪೆಂಡ್, ಕೆಲಸದ ಗಂಟೆಗಳನ್ನು ನಿಗದಿ ಮಾಡಿತು. 2016ರಲ್ಲಿ ಬಂದ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲುಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಸರ್ಕಾರವೇ ಹೊತ್ತಿತು. 2019ರಲ್ಲಿ ಕನಿಷ್ಠ ಸ್ಟೈಪೆಂಡ್ ವಿದ್ಯಾರ್ಹತೆಗೆ ತಕ್ಕಂತೆ 5,000ದಿಂದ 9,000 ರೂಪಾಯಿಗೆ ಏರಿತು. ಇವೆಲ್ಲ ಬೇಕಾದವೇ. ಆದರೆ ಇವು ಎಷ್ಟು ಹುಡುಗರು ಬಂದರು, ಎಷ್ಟು ತಿಂಗಳು ಇದ್ದರು ಎಂಬುದನ್ನು ಎಣಿಸಬಲ್ಲವೇ ಹೊರತು ಅವರಲ್ಲಿ ಯಾರು ಎಷ್ಟು ದೋಷಗಳ ಬೇರು ಮುಟ್ಟಿದರು ಎಂಬುದನ್ನಲ್ಲ.

ಬದಲಾಗಬೇಕಾದ್ದು ಪರೀಕ್ಷೆ, ಯಾಕೆಂದರೆ ಪರೀಕ್ಷೆಯಲ್ಲಿ ಬರುವುದನ್ನಷ್ಟೇ ನಮ್ಮಲ್ಲಿ ಕಲಿಸುತ್ತಾರೆ. ಈಗಿನ ಥಿಯರಿ ಪರೀಕ್ಷೆ ಕಂಪ್ಯೂಟರ್ ಮುಂದೆ ಕೂತು ನಾಲ್ಕರಲ್ಲಿ ಒಂದು ಉತ್ತರ ಒತ್ತುವಂಥದ್ದು. ಅದರ ಜೊತೆಗೆ ಓಡುತ್ತಿರುವ ಒಂದು ಯಂತ್ರದಲ್ಲಿ ಒಂದೇ ಒಂದು ದೋಷ ಇಟ್ಟು, ರಿಪೇರಿ ಮಾಡಲು ಹೇಳದೆ, ಕಾರಣ ಯಾವುದು ಮತ್ತು ಯಾವ ಅಳತೆಯಿಂದ ಅದು ಗೊತ್ತಾಯಿತು ಎಂದು ಬರೆಸಬೇಕು. ಸುಮ್ಮನೆ ಬಿಚ್ಚಿದ ಒಂದೊಂದು ನಟ್ಟಿಗೂ ಅಂಕ ಕಳೆಯಬೇಕು. ಇದಕ್ಕೆ ದುಡ್ಡಿಲ್ಲ ಎನ್ನುವವರಿದ್ದಾರೆ. ಕಟ್ಟಿಕೊಂಡ ಹಳೆಯ ಡೀಸೆಲ್ ಫಿಲ್ಟರ್ ಅಂಬತ್ತೂರಿನ ಯಾವ ವರ್ಕ್‌ಶಾಪಿನ ಗುಜರಿ ಡಬ್ಬದಲ್ಲಾದರೂ ಪುಕ್ಕಟೆ ಸಿಗುತ್ತದೆ. ಅದನ್ನು ಹಾಕಿ, ಎಂಜಿನ್ ಚಾಲೂ ಮಾಡಿ, ಬೀರುವಿನ ಬೀಗ ತೆಗೆದು ಹುಡುಗನ ಕೈಗೆ ಗೇಜ್ ಕೊಟ್ಟರಾಯಿತು.